ಪ್ಲಸ್ ಟೂ ಸೂತಕ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಬಾಳುವ ನಮ್ಮಂಥ ಕನ್ನಡದ ಮನೆಗಳಿಗೆ ಎರಡು ಥರದ ಸೂತಕಗಳಿವೆ. ಒಂದು, ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಹಿಡಿಯುವುದು. ಇನ್ನೊಂದು, ಮನೆಯ ಹುಡುಗನೋ ಹುಡುಗಿಯೋ ಹನ್ನೆರಡನೇ ತರಗತಿಗೆ ಹೋದಾಗ ಹಿಡಿಯುವುದು. ಮೊದಲನೆಯದರಲ್ಲಿ ವರ್ಷವಿಡೀ ಹಬ್ಬವಿಲ್ಲ, ಮದುವೆ ಮುಂಜಿಗಳಿಗೆ ಹೋಗುವ ಹಾಗಿಲ್ಲ, ಟೀವಿ ಜೋರಾಗಿ ಹಾಕಿದರೆ ಅಕ್ಕಪಕ್ಕದವರು ಆಡಿಕೊಳ್ಳುತ್ತಾರೆ, ಬಂದ ನೆಂಟರು ಹೊಸ್ತಿಲಲ್ಲೇ ದನಿ ತಗ್ಗಿಸಿ ವಿಚಾರಿಸಿ ಕಾಫಿಯನ್ನೂ ಕುಡಿಯದೆ ಹೊರಡುತ್ತಾರೆ. ಎರಡನೆಯದರಲ್ಲೂ ಇದಿಷ್ಟೂ ಇದೆ. ವ್ಯತ್ಯಾಸ ಒಂದೇ: ಯಾರ ಸಲುವಾಗಿ ಇಷ್ಟೆಲ್ಲ ನಡೆಯುತ್ತಿದೆಯೋ ಆ ಜೀವ ಒಳಕೋಣೆಯಲ್ಲಿ ಗಟ್ಟಿಮುಟ್ಟಾಗಿದ್ದು, ಆಗಾಗ ಹೊರಗೆ ಬಂದು ಫ್ರಿಜ್ ತೆಗೆದು ನೋಡಿ ಹೋಗುತ್ತದೆ. ನಾನು ಹೇಳಹೊರಟಿರುವುದು ಇಷ್ಟೇ. ಈ ಎರಡನೇ ಸೂತಕದಿಂದ ಮಕ್ಕಳಿಗೆ ಆಗುವ ಲಾಭ ಅಷ್ಟಕ್ಕಷ್ಟೇ, ದೊಡ್ಡವರಿಗೆ ಆಗುವ ಲಾಭ ಹೇಳತೀರದು; ಇದು ಇಷ್ಟು ಶ್ರದ್ಧೆಯಿಂದ ನಡೆದುಕೊಂಡು ಬರುತ್ತಿರುವುದೂ ಆ ಕಾರಣಕ್ಕೇ. ಹೀಗೆನ್ನಲು ಸಂಕೋಚವಾಗುತ್ತದೆ. ಶ್ರದ್ಧಾವಂತರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ, ಆಚರಿಸುವುದರಲ್ಲಿ ಒಂದು ಸುಖವೂ ಇದೆ.

ಸುಖ ಎಲ್ಲಿದೆಯೆಂದು ತಿಳಿಯಬೇಕಾದರೆ ಮದುವೆಯ ಕರೆಯೋಲೆಗಳಿಂದ ಶುರುಮಾಡಬೇಕು. ನಮ್ಮ ಈ ಕೊಂಗು ನಾಡಿನಲ್ಲಿ ಕರೆದ ಮದುವೆಗೆ ಹೋಗದಿರುವುದು ಸಣ್ಣ ಅಪರಾಧವಲ್ಲ. ಮಂಟಪದ ಬಾಗಿಲಲ್ಲಿ ಮೇಜು ಹಾಕಿಕೊಂಡು ಮುಯ್ಯಿ ಬರೆಯುವವರು ಕೂತಿರುತ್ತಾರೆ. ಆ ನೋಟ್‌ಬುಕ್ಕಿನಲ್ಲಿ ಯಾರ ಹೆಸರಿಲ್ಲ ಎನ್ನುವುದು ಇಪ್ಪತ್ತು ವರ್ಷ ಕಳೆದರೂ ನೆನಪಿನಲ್ಲಿ ಉಳಿಯುತ್ತದೆ. ಮೈಗೆ ಹುಷಾರಿಲ್ಲ ಎಂದರೆ ನೋಡಲು ಬರುತ್ತಾರೆ. ಕಂಪನಿಯಲ್ಲಿ ರಜೆಯಿಲ್ಲ ಎಂದರೆ ಭಾನುವಾರದ ಮುಹೂರ್ತ ತೋರಿಸುತ್ತಾರೆ. ಆದರೆ 'ಮಗ ಪ್ಲಸ್ ಟೂ' ಎಂದು ಅಂದುಬಿಡಿ, ಎದುರಿನವರ ಮುಖ ಕರಗಿಹೋಗುತ್ತದೆ. 'ಅಯ್ಯೋ ಪಾಪ, ಬರಬೇಡಿ, ಓದಲಿ' ಎಂದು ಅವರೇ ಬಾಗಿಲವರೆಗೆ ಬಂದು ಕಳಿಸಿಕೊಡುತ್ತಾರೆ. ಯಾವ ವಕೀಲನೂ ಕೊಡಿಸಲಾರದ ಜಾಮೀನು ಇದು. ಎರಡು ಮಕ್ಕಳ ನಡುವೆ ಒಂದೆರಡು ವರ್ಷದ ಅಂತರವಿಟ್ಟುಕೊಂಡ ದೂರದೃಷ್ಟಿಯ ದಂಪತಿಗಳು ಹೆಚ್ಚುಕಡಿಮೆ ಸಂನ್ಯಾಸವನ್ನೇ ಸಾಧಿಸಬಹುದು. 2017-18ರಲ್ಲಿ ಸರ್ಕಾರ ಹನ್ನೊಂದನೇ ತರಗತಿಗೂ ಪಬ್ಲಿಕ್ ಪರೀಕ್ಷೆ ತಂದಾಗ ಸೂತಕ ಕಾನೂನುಬದ್ಧವಾಗಿ ಎರಡು ವರ್ಷಕ್ಕೆ ಏರಿತು. ಹನ್ನೊಂದರ ಪುಸ್ತಕವನ್ನು ಬಿಚ್ಚದೆಯೇ ಹನ್ನೆರಡರ ಪಾಠ ಶುರುಮಾಡುವ ಖಾಸಗಿ ಶಾಲೆಗಳ ಚಟ ಬಿಡಿಸಲು ತಂದ ಪರೀಕ್ಷೆ ಅದು. ಮರುವರ್ಷವೇ ಆ ಅಂಕಗಳನ್ನು ಕಾಲೇಜು ಪ್ರವೇಶಕ್ಕೆ ಲೆಕ್ಕಕ್ಕಿಟ್ಟುಕೊಳ್ಳುವುದಿಲ್ಲ ಎಂದರು, ಆದರೂ ಪರೀಕ್ಷೆ ಮಾತ್ರ ನಡೆಯುತ್ತಲೇ ಇತ್ತು. 2025ರ ಆಗಸ್ಟ್‌ನಲ್ಲಿ ರಾಜ್ಯದ ಹೊಸ ಶಿಕ್ಷಣ ನೀತಿ ಅದನ್ನು ಕೈಬಿಟ್ಟಾಗ ಮಕ್ಕಳು ಸಂಭ್ರಮಿಸಿದರು. ದೊಡ್ಡವರು, ಒಂದು ವರ್ಷದ ಮದುವೆಗಳೆಲ್ಲ ಮತ್ತೆ ಕೊರಳಿಗೆ ಬಿದ್ದವಲ್ಲ ಎಂದು, ಸುಮ್ಮನಾದರು.

ಸೂತಕದ ಶಾಸ್ತ್ರಸೂಕ್ಷ್ಮಗಳು ಬಯಲಾಗುವುದು ಸರಸ್ವತಿ ಪೂಜೆಯ ದಿನ. ತಮಿಳುನಾಡಿನಲ್ಲಿ ಆಯುಧ ಪೂಜೆ, ಸರಸ್ವತಿ ಪೂಜೆ ಎರಡೂ ಒಂದೇ ಮಹಾನವಮಿಯಂದು. ಅಂದು ಈ ಎರಡು ಜಿಲ್ಲೆಗಳಲ್ಲಿ ಯಂತ್ರವೆಂಬ ಯಂತ್ರಕ್ಕೆಲ್ಲ ಬಿಡುವು. ಕೊಯಮತ್ತೂರಿನ ಪಂಪ್‌ಸೆಟ್ ವರ್ಕ್‌ಶಾಪುಗಳ ಲೇತು, ಸೋಮನೂರು ಪಲ್ಲಡಂಗಳ ವಿದ್ಯುತ್ ಮಗ್ಗ, ತಿರುಪ್ಪೂರಿನ ಬನಿಯನ್ ಕಂಪನಿಗಳ ಓವರ್‌ಲಾಕ್ ಫ್ಲಾಟ್‌ಲಾಕ್ ಮೆಷಿನ್ನು, ಎಲ್ಲವೂ ಮೈ ಒರೆಸಿಕೊಂಡು, ಗಂಧ ಕುಂಕುಮ ಹಚ್ಚಿಸಿಕೊಂಡು, ಪುರಿ ಕಡಲೆಯ ಸಾಕ್ಷಿಯಲ್ಲಿ ತೆಪ್ಪಗೆ ನಿಲ್ಲುತ್ತವೆ. ಪುಸ್ತಕಕ್ಕೂ ಇದೇ ಕಟ್ಟಳೆ. ದೇವಿಯ ಮುಂದೆ ಜೋಡಿಸಿಟ್ಟದ್ದನ್ನು ವಿಜಯದಶಮಿಯ ಮರುಪೂಜೆಯಾಗುವ ತನಕ ಮುಟ್ಟುವಂತಿಲ್ಲ, ಓದುವಂತಿಲ್ಲ. ವಿದ್ಯೆಯ ಅಧಿದೇವತೆಯೇ ಸಹಿ ಹಾಕಿ ಕೊಟ್ಟ ರಜೆ. ಇಲ್ಲಿ ಪ್ಲಸ್ ಟೂ ಮನೆಗೆ ಧರ್ಮಸಂಕಟ. ಎಲ್ಲ ಪುಸ್ತಕ ಇಟ್ಟರೆ ಒಂದು ದಿನ ಹಾಳು. ಇಡದೆ ದೇವಿ ಮುನಿದರೆ ಇಡೀ ವರ್ಷ ಹಾಳು. ಹಿಂದಿನ ರಾತ್ರಿಯೇ ಸಭೆ ಸೇರುತ್ತದೆ. ಮೊದಲಿಗೆ ಭಾಷೆಯ ಪುಸ್ತಕಗಳು ಸರ್ವಾನುಮತದಿಂದ ಪೀಠವೇರುತ್ತವೆ: ವಾಗ್ದೇವಿಗೆ ಭಾಷೆಯೇ ತಕ್ಕದ್ದು, ಎಂಜಿನಿಯರಿಂಗ್ ಕಟಾಫ್‌ಗೆ ಭಾಷೆಯ ಅಂಕ ಸೇರುವುದಿಲ್ಲ ಎಂಬುದು ಕೇವಲ ಕಾಕತಾಳೀಯ. ಆಮೇಲೆ ಸಂಪುಟಗಳ ಪ್ರಶ್ನೆ. ಸರ್ಕಾರದ ಗಣಿತ, ಭೌತವಿಜ್ಞಾನ, ರಸಾಯನವಿಜ್ಞಾನ ಪುಸ್ತಕಗಳು ಎರಡೆರಡು ಸಂಪುಟ. ಕಾಲು ವರ್ಷದ ಪರೀಕ್ಷೆ ಆಗಷ್ಟೇ ಮುಗಿದಿರುವುದರಿಂದ ಮೊದಲ ಸಂಪುಟವನ್ನು ದೇವಿಗೆ ಒಪ್ಪಿಸಬಹುದು ಎಂದು ತಂದೆ ಸೂಚಿಸುತ್ತಾನೆ. ಅದರಲ್ಲೇ ಎಲೆಕ್ಟ್ರೋಸ್ಟ್ಯಾಟಿಕ್ಸ್ ಇದೆ, ಕೊಡುವ ಹಾಗಿಲ್ಲ ಎಂದು ತಾಯಿ. ಹಾಗಾದರೆ ಜೆರಾಕ್ಸ್ ಇಡೋಣ ಎಂದು ಇನ್ನೊಬ್ಬರು. ಜೆರಾಕ್ಸಿನಲ್ಲಿ ಸರಸ್ವತಿ ನೆಲೆಸುತ್ತಾಳೋ ಇಲ್ಲವೋ ಎಂಬ ಮಹಾಪ್ರಶ್ನೆ ಏಳುತ್ತದೆ. ಅಕ್ಷರ ಎಲ್ಲಿದೆಯೋ ಅಲ್ಲಿ ತಾಯಿ ಇದ್ದಾಳೆ ಎಂದು ಅಜ್ಜಿ ತೀರ್ಪು ಕೊಡುತ್ತಾರೆ. ಹಾಗಿದ್ದರೆ ಮೂಲಪ್ರತಿಯಲ್ಲೂ ಇದ್ದಾಳಲ್ಲ, ಅದನ್ನೂ ಓದುವ ಹಾಗಿಲ್ಲವಲ್ಲ ಎಂದು ಒಳಕೋಣೆಯಿಂದ ಒಂದು ದನಿ ಆಸೆಯಿಂದ ಕೇಳುತ್ತದೆ. ಆ ದನಿಗೆ ಸಭೆಯಲ್ಲಿ ಮತವಿಲ್ಲ. ಪಠ್ಯಪುಸ್ತಕಗಳೆಲ್ಲ ಪಿಡಿಎಫ್ ರೂಪದಲ್ಲಿ ಮೊಬೈಲಿನಲ್ಲೂ ಸಿಗುತ್ತವೆ ಎಂದಾಗ, ಮೊಬೈಲು ಪುಸ್ತಕವೋ ಆಯುಧವೋ ಎಂದು ಇನ್ನರ್ಧ ಗಂಟೆ. ಕಡೆಗೆ ದೇವಿಯ ಮುಂದೆ ಬಂದು ಕೂರುವುದು ಇಷ್ಟು: ಇಂಗ್ಲಿಷು, ಫ್ರೆಂಚು, ಇನ್ನೆಂದಿಗೂ ಬೇಡದ ಹನ್ನೊಂದರ ಪುಸ್ತಕಗಳು, ಮುಳ್ಳು ಮುರಿದ ಕಂಪಾಸ್ ಬಾಕ್ಸು, ತೂಕಕ್ಕೆಂದು ಒಂದು ಪಂಚಾಂಗ. ಭೌತವಿಜ್ಞಾನದ ಎರಡೂ ಸಂಪುಟಗಳು ದೇವಿಯ ಕಣ್ಣಿಗೆ ಬೀಳದಂತೆ ಟವೆಲ್ ಹೊದ್ದು ಒಳಗೆ ಹೋಗುತ್ತವೆ. ಎಣ್ಣೆ ಕಾಣದೆ ವರ್ಷವಿಡೀ ಓಡಿದ ಓವರ್‌ಲಾಕ್ ಮೆಷಿನ್ನಿಗೆ ಅಂದು ಸಿಕ್ಕ ಮರ್ಯಾದೆ ಮನೆಯ ಹುಡುಗನಿಗೆ ಸಿಗುವುದಿಲ್ಲ. ಇನ್ನು ಟ್ಯೂಷನ್ ಸೆಂಟರಿನವರ ಬಗ್ಗೆ ನನಗೆ ಗೌರವವಿಲ್ಲ. ಬೋರ್ಡಿಗೆ ಹೂವಿನ ಹಾರ ಹಾಕಿ, ಕೈಗೆ ಪುರಿ ಕೊಟ್ಟು, ಅದೇ ಬೆಂಚಿನ ಮೇಲೆ ಟೆಸ್ಟ್ ಪೇಪರು ಹಂಚುವವರು ಪೂಜೆ ಮಾಡದೆ ಬಾಗಿಲು ತೆರೆದಿಟ್ಟಿದ್ದರೆ ಅವರಾದರೂ ನೇರ ಮನುಷ್ಯರು ಎನ್ನಬಹುದಿತ್ತು.

ಮಾರನೆಯ ದಿನ ವಿಜಯದಶಮಿ. ಕೊಯಮತ್ತೂರಿನ ರಾಜವೀದಿಯ ರಾಮಲಿಂಗ ಚೌಡೇಶ್ವರಿ ಗುಡಿಗೆ ದೇವಾಂಗದವರ ಮೆರವಣಿಗೆ. ಅಲಗು ಹಿಡಿದ ಹುಡುಗರು ಎದೆಗೂ ತೋಳಿಗೂ ಹೊಡೆದುಕೊಳ್ಳುತ್ತ ತಾಯಿಯನ್ನು ಕರೆದು ತರುತ್ತಾರೆ. ಗಾಯಕ್ಕೆ ಅರಿಶಿನದ ಪುಡಿಯೇ ಔಷಧ. ವರ್ಷದಲ್ಲಿ ಆ ಒಂದು ದಿನ ನಗರದ ನಡುಬೀದಿಯಲ್ಲಿ ನಮ್ಮ ಮನೆಮಾತು ಗಟ್ಟಿಯಾಗಿ ಕೇಳಿಸುತ್ತದೆ. ಪ್ಲಸ್ ಟೂ ಹುಡುಗನಿಗೆ ಅಲ್ಲೂ ಪ್ರವೇಶವಿಲ್ಲ, ಏಕೆಂದರೆ ಅಲಗು ಹಿಡಿಯುವ ಬಲಗೈ ಮಾರ್ಚ್ ತಿಂಗಳಿಗೆ ಮೀಸಲಾಗಿದೆ. ಅವನ ಬದಲಿಗೆ, ಎಂದೋ ಹರಕೆ ತೀರಿಸಿ ನಿವೃತ್ತರಾದ ದೊಡ್ಡಪ್ಪ ಮತ್ತೆ ಕತ್ತಿ ಹಿಡಿಯಬೇಕು. ದೀಪಾವಳಿ, ಪೊಂಗಲ್, ಹುಡುಗಿಯರು ಗುಂಪುಕಟ್ಟಿಕೊಂಡು ಹೋಗುವ ಹೂಕೀಳುವ ನೋಂಪಿ, ಇವುಗಳ ಗತಿಯೂ ಇದೇ. ಮಾಸಿ ತಿಂಗಳ ಕೋನಿಯಮ್ಮನ ತೇರಂತೂ ಪಬ್ಲಿಕ್ ಪರೀಕ್ಷೆಯ ಆಸುಪಾಸಿನಲ್ಲೇ ಹೊರಡುತ್ತದೆ. ಹೋದರೆ ಸಮಯ ಹೋಯಿತು, ಹೋಗದಿದ್ದರೆ ಊರ ದೇವತೆಯ ಎದುರು ಹಾಕಿಕೊಂಡ ಹಾಗಾಯಿತು ಎಂದು ತಂದೆಯೊಬ್ಬನೇ ಹೋಗಿ ಹಾಲ್ ಟಿಕೆಟ್ಟಿನ ನಕಲು ಪ್ರತಿಯನ್ನು ತೇರಿಗೆ ತೋರಿಸಿ ಬರುತ್ತಾನೆ.

ಇದಕ್ಕೆ ಆಕ್ಷೇಪ ಬರುತ್ತದೆಂದು ಗೊತ್ತು. ತಮಾಷೆ ಸಾಕು ಮಾರಾಯರೇ, ಕಟಾಫ್ ತಮಾಷೆಯಲ್ಲ ಎನ್ನುತ್ತಾರೆ. ನಿಜ. ಗಣಿತಕ್ಕೆ 100, ಭೌತ ರಸಾಯನಗಳಿಗೆ 50ರಂತೆ ಒಟ್ಟು 200ರ ಲೆಕ್ಕದಲ್ಲಿ ಅರ್ಧ ಅಂಕ ಕಡಿಮೆಯಾದರೂ ಸಾಲಿನಲ್ಲಿ ಎಷ್ಟೋ ಜನರ ಹಿಂದೆ ಹೋಗಿ ನಿಲ್ಲಬೇಕಾಗುತ್ತದೆ. ಓದಬೇಡಿ ಎಂದು ನಾನು ಹೇಳುತ್ತಿಲ್ಲ. ಓದುವವನು ಓದಲಿ, ಮನೆ ಏಕೆ ಮೈಲಿಗೆಯಾಗಬೇಕು ಎನ್ನುತ್ತಿದ್ದೇನೆ. ಮನೆಯವರ ಕಾಳಜಿ ನಿಜಕ್ಕೂ ಕಟಾಫ್ ಮೇಲೆಯೇ ಇದ್ದರೆ ಫ್ರೆಂಚ್ ಹೇಗೆ ಬಂತು? ಹನ್ನೆರಡರಲ್ಲಿ ಮೊದಲ ಭಾಷೆಯಾಗಿ ತಮಿಳನ್ನು ತೆಗೆದುಕೊಳ್ಳಬಹುದು, ಕನ್ನಡವನ್ನೂ ತೆಗೆದುಕೊಳ್ಳಬಹುದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಮಗುವನ್ನು ಫ್ರೆಂಚಿಗೆ ಹಾಕುವುದು ಅದರಲ್ಲಿ ನೂರಕ್ಕೆ ನೂರು ಬರುತ್ತದೆ ಎಂಬ ನಂಬಿಕೆಯಿಂದ. ಆ ನೂರು 600ರ ಮೊತ್ತಕ್ಕೆ ಸೇರುತ್ತದೆಯೇ ಹೊರತು ಕಟಾಫ್‌ಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಡಾಕ್ಟರಾಗುವವರಿಗೆ 2017ರಿಂದ ನೀಟ್ ಬಂದಿರುವುದರಿಂದ ಅವರ ಸೀಟು ಈ ಮೊತ್ತವನ್ನು ಕೇಳುವುದೇ ಇಲ್ಲ. ಮೊತ್ತ ಕೇಳುವವರು ನೆಂಟರು. ಫಲಿತಾಂಶದ ದಿನ ಬೆಳಿಗ್ಗೆಯೇ ಫೋನು ಮಾಡಿ, ಹುಡುಗ ಊಟ ಮಾಡಿದನೋ ಇಲ್ಲವೋ ಎಂದು ಕೇಳದೆ, 'ಎಷ್ಟು?' ಎಂಬ ಒಂದೇ ಶಬ್ದದಲ್ಲಿ ಸಂಬಂಧ ಮುಗಿಸುವವರು. ಆ 'ಎಷ್ಟು'ವಿಗೆ ಉತ್ತರ ಕೊಡುವುದಕ್ಕಾಗಿ ಒಂದು ವರ್ಷದ ಹಬ್ಬಗಳನ್ನು ಅಡವಿಟ್ಟಿದ್ದೇವೆ ಎಂದು ಯಾವ ಮನೆಯೂ ಒಪ್ಪಿಕೊಳ್ಳುವುದಿಲ್ಲ.

ಸೂತಕಕ್ಕೂ ಅಂಕಕ್ಕೂ ಇರುವ ನಂಟನ್ನು ಒಮ್ಮೆ ಕಾಲವೇ ಒರೆಗೆ ಹಚ್ಚಿ ನೋಡಿತು. 2021ರಲ್ಲಿ ಕೊರೊನಾದಿಂದ ಪ್ಲಸ್ ಟೂ ಪರೀಕ್ಷೆಯೇ ರದ್ದಾಯಿತು. ಹತ್ತನೇ ತರಗತಿಯಲ್ಲಿ ಅತಿ ಹೆಚ್ಚು ಅಂಕ ಬಂದ ಮೂರು ವಿಷಯಗಳಿಂದ ಶೇಕಡಾ 50, ಹನ್ನೊಂದರಿಂದ 20, ಹನ್ನೆರಡರ ಪ್ರಾಕ್ಟಿಕಲ್ ಮತ್ತು ಆಂತರಿಕ ಅಂಕಗಳಿಂದ 30 ಎಂದು ಕೂಡಿಸಿ, 8 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಒಬ್ಬರನ್ನೂ ಬಿಡದೆ ಪಾಸು ಮಾಡಿದರು. ಅಂದರೆ ಅರ್ಧ ಭವಿಷ್ಯ ತೀರ್ಮಾನವಾದದ್ದು, ಯಾರೂ ಇನ್ನೂ ಸರಿಯಾಗಿ ಮೈಲಿಗೆಯಾಗದಿದ್ದ ವರ್ಷದ ಅಂಕಗಳಿಂದ. ಆ ಮಕ್ಕಳೂ ಕಾಲೇಜು ಸೇರಿದರು, ಕೆಲಸ ಹಿಡಿದರು, ಬಾವಿಗೇನೂ ಬೀಳಲಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಚೂಪು. ತಿರುಪ್ಪೂರು ಜಿಲ್ಲೆ 2019ರಲ್ಲಿ, 2020ರಲ್ಲಿ, ಮತ್ತೆ 2024ರಲ್ಲಿ ಪಾಸಾದವರ ಪ್ರಮಾಣದಲ್ಲಿ ರಾಜ್ಯಕ್ಕೇ ಮೊದಲು. 2024ರಲ್ಲಂತೂ ಶೇಕಡಾ 97.45. ಸೂತಕ ಹಿಡಿದದ್ದಕ್ಕೇ ತಾನೇ ಈ ಫಲ? ನಾನು ಹೇಳುವುದು ತದ್ವಿರುದ್ಧ. ತಿರುಪ್ಪೂರಿನ ಮಕ್ಕಳಲ್ಲಿ ಹೆಚ್ಚಿನವರು ಬನಿಯನ್ ಕಂಪನಿಗೆ ದುಡಿಯಲು ಹೋಗುವವರ ಮಕ್ಕಳು. ಆ ಮನೆಗಳಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಒಂದೂವರೆ ಶಿಫ್ಟು: ಬೆಳಿಗ್ಗೆ ಎಂಟೂವರೆಗೆ ಹೊಕ್ಕವರು ಹೊರಬರುವುದು ರಾತ್ರಿ ಎಂಟರ ಸುಮಾರಿಗೆ, ಶನಿವಾರ ಸಂಬಳ. ಮಗಳ ಪಕ್ಕದಲ್ಲಿ ಹಾರ್ಲಿಕ್ಸ್ ಹಿಡಿದು ಕಾಯುವುದಕ್ಕೆ, ಕೇಬಲ್ ಕಿತ್ತಿಡುವುದಕ್ಕೆ, ಪುಸ್ತಕಕ್ಕೆ ಟವೆಲ್ ಹೊದಿಸುವುದಕ್ಕೆ ಅಲ್ಲಿ ಪುರುಸೊತ್ತಿದ್ದವರು ಯಾರೂ ಇಲ್ಲ. ಸೂತಕ ಹಿಡಿಯಲಿಕ್ಕೂ ಸ್ವಲ್ಪ ಆಸ್ತಿ ಬೇಕು. ದೀಪಾವಳಿ ಬೋನಸ್ ಬಂದರೆ ಅವರು ಊರಿಗೆ ಹೋಗಿ ಹಬ್ಬ ಮಾಡಿ ಬರುತ್ತಾರೆ, ಮಕ್ಕಳನ್ನೂ ಕರೆದುಕೊಂಡು. ಆ 97.45ರ ಬಹುಪಾಲು ಮೈಲಿಗೆಯಾಗದ ಮನೆಗಳದು.

ಅದೇ ತಿರುಪ್ಪೂರಿನಿಂದ ಇನ್ನು ಸ್ವಲ್ಪ ದೂರ ಹೋದರೆ ನೂಲಿನ ಮಿಲ್ಲುಗಳ ಎತ್ತರದ ಗೋಡೆಗಳಿವೆ. ಹದಿನಾರು ಹದಿನೇಳರ ಹುಡುಗಿಯರನ್ನು ದಕ್ಷಿಣದ ಜಿಲ್ಲೆಗಳಿಂದ ಕರೆತಂದು, ಮೂರು ವರ್ಷ ಹಾಸ್ಟೆಲಿನಲ್ಲಿಟ್ಟು ದುಡಿಸಿ, ಕೊನೆಗೆ ಮದುವೆಗೆಂದು ಇಡಿಗಂಟು ಕೊಡುವ 'ಸುಮಂಗಲಿ' ಯೋಜನೆ ಈ ಸೀಮೆಯ ಮಿಲ್ಲುಗಳಲ್ಲಿ ವರ್ಷಗಟ್ಟಲೆ ನಡೆಯಿತು. ನಡುವೆ ಬಿಟ್ಟುಹೋದವರಿಗೆ ಆ ಗಂಟು ಸಿಗದಿದ್ದದ್ದೂ ಉಂಟು. ಅವರದೂ ಹನ್ನೆರಡನೇ ತರಗತಿಯ ವಯಸ್ಸೇ. ಅವರಿಗೂ ಹಬ್ಬವಿರಲಿಲ್ಲ, ಮದುವೆಮನೆಯಿರಲಿಲ್ಲ, ಕೈಯಲ್ಲಿ ಮೊಬೈಲಿರಲಿಲ್ಲ, ಊರಿಗೆ ಹೋಗಬೇಕಾದರೆ ವಾರ್ಡನ್ ಒಪ್ಪಬೇಕಿತ್ತು. ನಾವು ಪ್ರೀತಿಯಿಂದ ಮಕ್ಕಳಿಗೆ ಹಾಕುವ ನಿಯಮಗಳ ಪಟ್ಟಿಯನ್ನೂ ಆ ಹಾಸ್ಟೆಲಿನ ನಿಯಮಗಳ ಪಟ್ಟಿಯನ್ನೂ ಅಕ್ಕಪಕ್ಕದಲ್ಲಿಟ್ಟರೆ ಯಾವುದು ಯಾವುದೆಂದು ತಕ್ಷಣ ಹೇಳುವುದು ಕಷ್ಟ. ಎರಡೂ ಒಂದೇ ಎನ್ನುವಷ್ಟು ಮೂರ್ಖತನ ನನಗಿಲ್ಲ. ನಮ್ಮ ಮಕ್ಕಳ ಪಾಡು ಪಾಡೇ ಅಲ್ಲ. ಆದರೆ ನಾವು ಇಷ್ಟು ಸಲೀಸಾಗಿ ಬಿಟ್ಟುಕೊಡುವ ಹಬ್ಬ, ಅದನ್ನು ಕೇಳಿ ಪಡೆಯಬೇಕಾದವರಿಗೆ ಏನಾಗಿತ್ತು ಎಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ.

ಇರಲಿ. ಸೂತಕ ಕಳೆಯುವುದು ಯಾವಾಗ ಎಂಬ ಪ್ರಶ್ನೆಯೊಂದು ಉಳಿದಿದೆ. ಪರೀಕ್ಷೆ ಮುಗಿದ ಕೂಡಲೇ ಊಟಿ ಎಂದು ವರ್ಷವಿಡೀ ಆಣೆ ಮಾಡಿರುತ್ತಾರೆ. ಮೇಟ್ಟುಪ್ಪಾಳಯಂ ದಾಟಿದರೆ ಬೆಟ್ಟ ಕಾಣುತ್ತದೆ, ಅಷ್ಟು ಹತ್ತಿರ. ಆದರೆ ನೀಟ್ ಬರುವುದು ಮೇ ತಿಂಗಳ ಮೊದಲ ಭಾನುವಾರದ ಹೊತ್ತಿಗೆ. ಅದಾದ ಮೇಲೆ ಫಲಿತಾಂಶ. ಅದಾದ ಮೇಲೆ ಎಂಜಿನಿಯರಿಂಗ್ ಕೌನ್ಸೆಲಿಂಗ್. ಊಟಿಯ ಹೂವಿನ ಪ್ರದರ್ಶನ ಆ ಹೊತ್ತಿಗೆ ಬಾಡಿಹೋಗಿರುತ್ತದೆ. ಕೌನ್ಸೆಲಿಂಗಿನಲ್ಲಿ ಇಬ್ಬರ ಕಟಾಫ್ ಸಮನಾಗಿದ್ದರೆ ಮೊದಲು ಗಣಿತದ ಅಂಕ ನೋಡುತ್ತಾರೆ, ಆಮೇಲೆ ಭೌತವಿಜ್ಞಾನ, ಹೀಗೆ ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ. ಎಲ್ಲೂ ಇತ್ಯರ್ಥವಾಗದಿದ್ದರೆ ಕಂಪ್ಯೂಟರ್ ಹಂಚಿಟ್ಟ ರ್ಯಾಂಡಮ್ ನಂಬರ್ ಯಾರದು ದೊಡ್ಡದೋ ಅವರು ಮುಂದೆ. ಮನೆಯವರು ಯಾವ ಯಾವ ಹಬ್ಬ ಬಿಟ್ಟರು ಎಂದು ಕೇಳುವ ಕಲಮು ಅಲ್ಲಿಲ್ಲ. ತಂದೆತಾಯಿಗಳ ಸ್ವಂತ ದುಡಿಮೆಗೆ ಬೆಲೆ ಕೊಡುವ ಮೆಟ್ಟಿಲು ಇಡೀ ಪಟ್ಟಿಯಲ್ಲಿ ಒಂದೇ, ಅದು ಹುಟ್ಟಿದ ತಾರೀಖು: ವಯಸ್ಸಿನಲ್ಲಿ ಹಿರಿಯರಾದವರಿಗೆ ಆದ್ಯತೆ. ಆ ವಿಷಯದಲ್ಲಿ ದಂಪತಿಗಳು ಇನ್ನೊಂದಿಷ್ಟು ಬೇಗ ಕಾರ್ಯಪ್ರವೃತ್ತರಾಗಬಹುದಿತ್ತು. ಆದರೆ ಅದಕ್ಕೆ ಆಗ ಯಾರೂ ಟ್ಯೂಷನ್ ಇಟ್ಟಿರಲಿಲ್ಲ.