ಅಮ್ಮನನ್ನು ‘ಅಮು’ ಮಾಡುವ ಗುಂಡಿ

ಜರ್ಮನರಿಗೆ ಎಸ್‌ತ್ಸೆಟ್ ಅಂತ ಒಂದು ಅಕ್ಷರವಿದೆ. ಅದಕ್ಕೆ ಸಣ್ಣ ರೂಪವಿತ್ತು, ಅಧಿಕೃತ ದೊಡ್ಡ ರೂಪವಿರಲಿಲ್ಲ. ದೊಡ್ಡದು ಮಾಡಹೋದರೆ ಒಡೆದು ಎರಡು ‘ಎಸ್’ ಆಗುತ್ತಿತ್ತು. ನೂರು ವರ್ಷಕ್ಕೂ ಮೀರಿ ಜಗ್ಗಾಡಿ, 2008ರಲ್ಲಿ ಯೂನಿಕೋಡ್ ಎಂಬ ಕಂಪ್ಯೂಟರ್ ಅಕ್ಷರಪಟ್ಟಿಯಲ್ಲಿ ದೊಡ್ಡ ರೂಪಕ್ಕೊಂದು ಜಾಗ ಗಿಟ್ಟಿಸಿ, 2017ರಲ್ಲಿ ಕಾಗುಣಿತ ಮಂಡಳಿಯ ಒಪ್ಪಿಗೆಯನ್ನೂ ಪಡೆದರು. ಒಂದಕ್ಷರಕ್ಕೆ ಇಷ್ಟು ರಗಳೆ!

ನಮ್ಮದು ದೊಡ್ಡ ಮನಸ್ಸು. ಕಂಪ್ಯೂಟರಿನ ಹಳೆಯ ‘ನುಡಿ’ ಫಾಂಟಿನಲ್ಲಿ ಕನ್ನಡಕ್ಕೆ ಸ್ವಂತ ಮನೆಯೇ ಇಲ್ಲ, ಯುರೋಪಿನ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿದೆ. ‘ಕನ್ನಡ’ದ ನ-ಒತ್ತಾಗಿ ಕೂತವರು ಯಾರು? ಇದೇ ಎಸ್‌ತ್ಸೆಟ್ ಸಾಹೇಬರು! ಯೂನಿಕೋಡ್ 1991ರಲ್ಲೇ ನಮಗೆ ನಿವೇಶನ ಮಂಜೂರು ಮಾಡಿದೆ. ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಗೃಹಪ್ರವೇಶಕ್ಕೆ ಇನ್ನೂ ಮುಹೂರ್ತ ಕೂಡಿಬಂದಿಲ್ಲ.

ಬಾಡಿಗೆಯ ಸುಖ ನೋಡಬೇಕೇ? ಬಿಜ್ಜರಗಿ ಎಂಬ ಊರಿನ ಯಾರದಾದರೂ ಲಗ್ನಪತ್ರಿಕೆಯನ್ನು ಆ ಫಾಂಟಿನಲ್ಲಿ ಟೈಪಿಸಿ, ವರ್ಡ್‌ನಲ್ಲಿ ದೊಡ್ಡಕ್ಷರದ ಗುಂಡಿ ಒತ್ತಿ. ‘ಅಮ್ಮ’ನ ಮ-ಒತ್ತು ಅಸಲಿಗೆ ತಲೆಮೇಲೆ ಎರಡು ಚುಕ್ಕಿ ಹೊತ್ತ ಜರ್ಮನ್ ಸಣ್ಣ ‘ಎ’. ಅದರ ದೊಡ್ಡ ರೂಪದ ಮನೆಯಲ್ಲಿರುವುದು ನಮ್ಮ ಉಕಾರದ ಕೊಂಬು. ಹೀಗಾಗಿ ಅಮ್ಮ ‘ಅಮು’ ಆಗುತ್ತಾಳೆ. ‘ಅಪ್ಪ’ನ ಒತ್ತು ಇನ್ನೊಂದು ತಲೆಕಟ್ಟಾಗಿ ಮೇಲೇರಿ, ಆತ ಬರೀ ‘ಅಪ’. ಬಿಜ್ಜರಗಿಯಲ್ಲಿ ‘ಬಿ’ ಬಚಾವು, ‘ಜ’ ಹೋಗಿ ಜ-ಒತ್ತು ನೇತುಹಾಕಿಕೊಂಡ ‘ಆ’, ‘ರ’ ಇದ್ದಲ್ಲಿ ‘ಉ’. ‘ಗಿ’ಯಂತೂ ಮೊದಲೇ ದೊಡ್ಡವರ ಮನೆ ಸೇರಿದ್ದರಿಂದ ಅದಕ್ಕೇನೂ ಆಗದು.

ಗುಂಡಿ ಒತ್ತದಿದ್ದರೂ ಬಿಡುಗಡೆಯಿಲ್ಲ. ವಾಕ್ಯದ ಮೊದಲಕ್ಷರವನ್ನು ದೊಡ್ಡದು ಮಾಡುವ ಉಪಕಾರಬುದ್ಧಿ ವರ್ಡ್‌ಗೆ ಹುಟ್ಟುಗುಣ. ವಾಕ್ಯ ಬಿಜ್ಜರಗಿಯ ತಾಲ್ಲೂಕಾದ ‘ತಿಕೋಟಾ’ದಿಂದ ಶುರುವಾದರೆ ‘ತಿ’ ಮಾಯವಾಗಿ, ತಲೆಕಟ್ಟು ಕಳಚಿದ ಬೋಳು ‘ಘ’ ನಿಲ್ಲುತ್ತದೆ. ತಾಲ್ಲೂಕಿನ ಬೋರ್ಡು ಬಂದರೂ ಹೆಸರಿಗೆ ತಲೆ ಬರಲಿಲ್ಲ.

ಯಂತ್ರಕ್ಕೆ ಬೈದು ಏನು ಪ್ರಯೋಜನ? ಅಚ್ಚಕನ್ನಡದ ಅರ್ಜಿಗಳಲ್ಲೂ ‘ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಿರಿ’ ಎಂದು ಅಚ್ಚು ಹಾಕುವವರು ನಾವೇ. ಬಿಜ್ಜರಗಿಯ ಹಿರಿಯರೊಬ್ಬರು ಅರ್ಜಿ ಕೊಡುವ ಕಿಟಕಿಯಲ್ಲಿ ಕೇಳಿದರೆನ್ನಿ:

“ಸಾಹೇಬ್ರ, ಸಣ್ಣ ‘ಬ’ ಯಾವ್ದ್ರಿ, ದೊಡ್ಡ ‘ಬ’ ಯಾವ್ದ್ರಿ?”

“ತಲಿ ತಿನ್ನಬ್ಯಾಡ್ರಿ ಯಜಮಾನ್ರ, ಅಗಲ ಮಾಡಿ ಬರೀರಿ.”

ಅಜ್ಜ ‘ಬಿಜ್ಜರಗಿ’ಯನ್ನು ಅಗಲ ಮಾಡಿಯೇ ಬರೆದ. ಕಂಪ್ಯೂಟರು ಉಳಿಸಿದ್ದ ‘ಗಿ’ಗೆ ಚೌಕ ಸಾಲದೆ ಹೋಯಿತು.