ಇನ್ನೊಂದು ತಿಂಗಳು ನೀವು ಮಕ್ಕಳೇ!

ಮುಂಬಯಿಯ ಭಾಂಡುಪ್ ಪಶ್ಚಿಮದಲ್ಲಿ ವಾಸವಾಗಿರುವ, ಹದಿನೇಳು ವರ್ಷ ಹನ್ನೊಂದು ತಿಂಗಳು ತುಂಬಿದ ಸಮಸ್ತ ಚಿರಂಜೀವಿಗಳಿಗೂ ಕುಮಾರಿಯರಿಗೂ, ಹೋಟೆಲಿನ ಗಲ್ಲೆಯಲ್ಲಿ ಕೂತು ತಲೆ ನೆರೆತ ಒಬ್ಬ ಮಾವನ ಅನೇಕ ಆಶೀರ್ವಾದಗಳು.

ಬರೆಯಲು ಕಾರಣವೇನೆಂದರೆ, ನಿಮಗೆ ಉಳಿದಿರುವುದು ಒಂದೇ ತಿಂಗಳು. ಇದನ್ನು ನಿಮ್ಮ ಕಾಲೇಜಿನವರು ಹೇಳುವುದಿಲ್ಲ, ಕೋಚಿಂಗ್ ಕ್ಲಾಸಿನವರು ಮೊದಲೇ ಹೇಳುವುದಿಲ್ಲ. 1875ರ ಪ್ರಾಪ್ತವಯಸ್ಕತೆ ಕಾಯ್ದೆಯ ಪ್ರಕಾರ ಹದಿನೆಂಟನೆಯ ಹುಟ್ಟುಹಬ್ಬದ ದಿನ ಶುರುವಾಗುತ್ತಲೇ ನೀವು ದೊಡ್ಡವರು. ದಿನ ಶುರುವಾಗುವುದು ರಾತ್ರಿ ಹನ್ನೆರಡಕ್ಕೆ. ಗೆಳೆಯರು ಕೇಕನ್ನು ನಿಮ್ಮ ಮುಖಕ್ಕೆ ಮೆತ್ತುವ ಮುಹೂರ್ತವೂ ಬ್ರಿಟಿಷ್ ಸರಕಾರ ಇಟ್ಟುಕೊಟ್ಟ ಮುಹೂರ್ತವೂ ಒಂದೇ ಎಂಬುದನ್ನು ಗಮನಿಸಿ. ಹನ್ನೊಂದು ಐವತ್ತೊಂಬತ್ತಕ್ಕೆ ಬಿಲ್ಡಿಂಗಿನ ಗೇಟಿನಲ್ಲಿ ಮಾಡಿದ ಗಲಾಟೆ ಬಾಲಲೀಲೆ. ಹನ್ನೆರಡು ಒಂದಕ್ಕೆ ಅದೇ ಗಲಾಟೆ ಪೊಲೀಸ್ ಕೇಸು. ಹಾಗಾಗಿ ಮಾಡುವುದೇನಿದ್ದರೂ ಈ ತಿಂಗಳಲ್ಲೇ ಮಾಡಿ ಮುಗಿಸಿ ಎಂದು ಹಿತವಚನ ಹೇಳಲು ಕೂತಿದ್ದೇನೆ. ನಿಮ್ಮಲ್ಲಿ ಯಾರು ಹಾಗೆ ಮಾಡಿ ದಕ್ಕಿಸಿಕೊಳ್ಳಬಲ್ಲಿರಿ, ಯಾರಿಗೆ ದಕ್ಕದು ಎಂಬುದು ಮುಂದೆ ಬರುತ್ತದೆ.

ಮೊದಲು ಸಾಲ. 1895ರಲ್ಲಿ ಕಲ್ಕತ್ತೆಯ ಧರ್ಮೋದಾಸ ಘೋಷ್ ಎಂಬ ಅಪ್ರಾಪ್ತ ವಯಸ್ಸಿನ ಯುವಕ ಮನೆ ಒತ್ತೆಯಿಟ್ಟು ಲೇವಾದೇವಿಯವನಿಂದ ಹಣ ತೆಗೆದುಕೊಂಡ. ಕೇಸು ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. 1903ರಲ್ಲಿ ಬಂದ ತೀರ್ಪು: ಅಪ್ರಾಪ್ತ ವಯಸ್ಸಿನವನ ಕರಾರು ಕರಾರೇ ಅಲ್ಲ. ಒತ್ತೆಯೂ ಹೋಯಿತು, ಕೊಟ್ಟ ಹಣವೂ ಹೋಯಿತು. ನಮ್ಮ ದೇಶದ ಕಾನೂನು ಕಾಲೇಜುಗಳಲ್ಲಿ ಇವತ್ತಿಗೂ ಈ ಹುಡುಗನ ಹೆಸರು ಹೇಳದೆ ಕರಾರಿನ ಪಾಠ ಆರಂಭವಾಗುವುದಿಲ್ಲ. ಆದರೆ ನೀವು ಸಾಲಕ್ಕೆ ಹೊರಡುವ ಮೊದಲು ಒಂದು ಮಾತು. ಅವನ ಬಳಿ ಒತ್ತೆಯಿಡಲು ಮನೆ ಇತ್ತು. ನಮ್ಮ ಖಿಂಡಿಪಾಡಾದ ಗುಡ್ಡದ ಮೇಲಿನ ಹತ್ತು ಬೈ ಹತ್ತರ ಖೋಲಿಯನ್ನು ಯಾವ ಸಾಹುಕಾರನೂ ಒತ್ತೆ ಹಿಡಿಯಲಾರ. ಅಪ್ರಾಪ್ತನಾಗಿ ಲಾಭ ಮಾಡಿಕೊಳ್ಳುವುದಕ್ಕೂ ಒಂದಷ್ಟು ಬಂಡವಾಳ ಬೇಕು ಮಾರಾಯರೇ.

ಇನ್ನು ಗಾಡಿ. ಹದಿನಾರು ದಾಟಿದವರು 50 ಸಿಸಿ ಮೀರದ ಮೋಟಾರ್ ಸೈಕಲ್ಲಿಗೆ ಲೈಸೆನ್ಸ್ ಪಡೆಯಬಹುದೆಂದು 1988ರ ಮೋಟಾರು ವಾಹನ ಕಾಯ್ದೆ ಉದಾರವಾಗಿ ಹೇಳಿತು. ಅಂಥ ಗಾಡಿಯೆಂದರೆ ಪುಣೆಯ ಕೈನೆಟಿಕ್‌ನವರ ಲೂನಾ. ಆ ಪೆಟ್ರೋಲ್ ಲೂನಾ ರಸ್ತೆಯಿಂದ ಮಾಯವಾಗಿ ಎಷ್ಟೋ ಕಾಲವಾಯಿತು. ಹಕ್ಕು ಮಾತ್ರ ಪುಸ್ತಕದಲ್ಲಿ ಹೊಸದಾಗಿಯೇ ಇದೆ. ಅಪ್ಪನ ಸ್ಕೂಟರು ಹತ್ತಿದಿರೋ, 2019ರ ತಿದ್ದುಪಡಿ ಕಾದು ಕೂತಿದೆ: ಗಾಡಿ ಕೊಟ್ಟ ಪಾಲಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು, ನಿಮಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. ಅಪ್ಪನ ಮಾತಿಗಾಗಿ ಮಗ ಕಾಡಿಗೆ ಹೋದ ಪ್ರಸಂಗವನ್ನು ನಾವು ಯಕ್ಷಗಾನದಲ್ಲಿ ರಾತ್ರಿಯೆಲ್ಲ ನಿದ್ದೆಗೆಟ್ಟು ನೋಡಿದವರು. ಮಗನ ಸವಾರಿಗಾಗಿ ಅಪ್ಪ ಜೈಲಿಗೆ ಹೋಗುವ ಹೊಸ ಪ್ರಸಂಗವನ್ನು ಪಾರ್ಲಿಮೆಂಟು ರಚಿಸಿದೆ. ಪರೀಕ್ಷೆಯ ಮಾರ್ಕ್ಸ್ ಕೇಳಿ ಪೀಡಿಸುವ ತಂದೆಯವರಿಗೆ ಈ ಕಲಮನ್ನು ಒಮ್ಮೆ ಓದಿ ಹೇಳಿ.

ಸ್ಕೂಟರು ಅಪಾಯ, ನಿಜ. ಮನುಷ್ಯರ ಮೇಲೆ ಮನುಷ್ಯರು ಹತ್ತಿ ಏಳನೇ ಥರದಿಂದ ಬೀಳುವುದು ಅಷ್ಟು ಅಪಾಯವಲ್ಲ. ಹದಿನೆಂಟರ ಒಳಗಿನವರು ಕೃಷ್ಣಾಷ್ಟಮಿಯ ದಹಿಹಂಡಿ ಒಡೆಯಬಾರದು, ಎತ್ತರ 20 ಅಡಿ ಮೀರಬಾರದು ಎಂದು 2014ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತ್ತು. ಮೂರು ವರ್ಷ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದ ಮೇಲೆ 2017ಕ್ಕೆ ವಯಸ್ಸು ಹದಿನಾಲ್ಕಕ್ಕೆ ಇಳಿಯಿತು, ಎತ್ತರದ ಮಿತಿ ಹಾರಿಹೋಯಿತು. ಹೀಗಾಗಿ ಹಂಡಿ ಒಡೆಯಲು ಹತ್ತುವ ನಮ್ಮ ಗಲ್ಲಿಯ ಹದಿನೈದರ ಗೋವಿಂದ ನಾಲ್ಕು ಮಹಡಿ ಎತ್ತರದಲ್ಲಿ ನೇತಾಡುವಷ್ಟು ದೊಡ್ಡವನು. ಕೆಳಗೆ ಬಿದ್ದರೆ ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕುವಷ್ಟು ದೊಡ್ಡವನಲ್ಲ. ಹಂಡಿಯ ಹಿಂದಿನ ಬ್ಯಾನರಿನಲ್ಲಿ ನಗುವ ಧುರೀಣರು ಯಾರೂ ಹದಿನಾಲ್ಕರವರಲ್ಲ, ಹತ್ತುವವರೂ ಅಲ್ಲ.

ದೊಡ್ಡವರಾದ ಮೇಲೆ ಏನೇನು ಸಿಗುತ್ತದೆ ಎಂದು ಕೇಳುತ್ತೀರಿ. ಹದಿನೆಂಟಕ್ಕೆ ಮತವೂ ಸಿಗರೇಟೂ ಕೈಗೆ ಬರುತ್ತವೆ. ಪ್ಯಾಕೆಟ್ಟಿನ ಮೇಲೆ ಎಚ್ಚರಿಕೆಯ ಚಿತ್ರವಿರುವುದು ಒಂದಕ್ಕೆ ಮಾತ್ರ. ಇಪ್ಪತ್ತೊಂದಕ್ಕೆ ಹುಡುಗರಿಗೆ ಮದುವೆ, ಎಲ್ಲರಿಗೂ ಮಹಾರಾಷ್ಟ್ರದಲ್ಲಿ ಲಘು ಬಿಯರು, ಮತ್ತು ಪಾಲಿಕೆಯಲ್ಲಿ ನಗರಸೇವಕರಾಗುವ ಅರ್ಹತೆ. ಇಪ್ಪತ್ತೈದಕ್ಕೆ ವಿಸ್ಕಿ ಮತ್ತು ಲೋಕಸಭೆ. ಯಾವುದಕ್ಕೆ ಎಷ್ಟು ತಲೆ ನಿಲ್ಲಬೇಕೆಂದು ಅಳೆದೇ ಈ ಪಟ್ಟಿ ಮಾಡಿರಬೇಕು. ನಮ್ಮ ಕರಾವಳಿಯವರು ಈ ಊರಿನಲ್ಲಿ ನಡೆಸುವ ಬಾರುಗಳಿಗೆ ಪರ್ಮಿಟ್ ರೂಮ್ ಎಂಬ ಹೆಸರು ಬಂದದ್ದು 1949ರ ಪಾನನಿಷೇಧ ಕಾಯ್ದೆಯಿಂದ. ಕುಡಿಯುವವನ ಕಿಸೆಯಲ್ಲಿ ಪರ್ಮಿಟ್ ಇರಬೇಕೆಂಬುದು ಅದರ ಅರ್ಥ. ಅದನ್ನು ಬೋರ್ಡಿನ ಮೇಲೆ ಓದಿದ್ದೇವೆ. ಕಿಸೆಯಿಂದ ತೆಗೆದು ತೋರಿಸಿದ ಗಿರಾಕಿಯನ್ನು ನಾನು ಕಂಡಿಲ್ಲ.

ಮದುವೆಯ ವಿಷಯದಲ್ಲಿ ಸ್ವಲ್ಪ ನಿಧಾನಿಸಿ ಓದಿ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಇಪ್ಪತ್ತೊಂದು ತುಂಬದ ಹುಡುಗ ಮಗು. ಅದೇ ಕಾಯ್ದೆ ಹದಿನೆಂಟು ದಾಟಿದ ಗಂಡಸು ಬಾಲ್ಯವಿವಾಹವಾದರೆ ಎರಡು ವರ್ಷದವರೆಗೆ ಶಿಕ್ಷೆ ಎನ್ನುತ್ತದೆ. ಹಾಗಾದರೆ ಹತ್ತೊಂಬತ್ತರ ವರ ಮಂಟಪದಲ್ಲಿ ಕೂತಾಗ ಮಗುವೂ ಅವನೇ, ಅಪರಾಧಿ ಗಂಡಸೂ ಅವನೇ. ಕೊನೆಗೆ 2019ರಲ್ಲಿ ಸುಪ್ರೀಂ ಕೋರ್ಟ್, ವಯಸ್ಕ ಹೆಣ್ಣನ್ನು ಮದುವೆಯಾದ ಇಂಥ ಹುಡುಗನನ್ನು ಶಿಕ್ಷಿಸುವುದು ಕಾಯ್ದೆಯ ಉದ್ದೇಶವಲ್ಲ ಎಂದು ಬಿಡಿಸಿ ಹೇಳಬೇಕಾಯಿತು. ಹುಡುಗಿಯರ ವಯಸ್ಸನ್ನೂ ಇಪ್ಪತ್ತೊಂದಕ್ಕೆ ಏರಿಸುವ ಮಸೂದೆ 2021ರಲ್ಲಿ ಬಂತು. ಲೋಕಸಭೆ ವಿಸರ್ಜನೆಯಾದಾಗ ಅದೂ ಬಿದ್ದುಹೋಯಿತು. ಅದು ಪಾಸಾಗಿದ್ದರೆ ಹದಿನೆಂಟರ ಹುಡುಗಿ ಸರಕಾರವನ್ನು ಆರಿಸಬಹುದಿತ್ತು, ಗಂಡನನ್ನು ಆರಿಸುವಂತಿರಲಿಲ್ಲ. ಐದು ವರ್ಷಕ್ಕೊಮ್ಮೆ ಬದಲಿಸಬಹುದಾದ್ದನ್ನು ಮೊದಲು ಕೊಡುವುದು ಕ್ಷೇಮವೆಂದು ಅವರ ಲೆಕ್ಕವಿದ್ದೀತು.

ಮೊಬೈಲ್ ಆ್ಯಪುಗಳ ಮಾತು ಬೇಗ ಮುಗಿಸುತ್ತೇನೆ. ಹದಿನೆಂಟರ ಒಳಗಿನವರ ಮಾಹಿತಿ ಪಡೆಯಲು ಪಾಲಕರ ಒಪ್ಪಿಗೆ ಬೇಕು ಎಂದು 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಅಮ್ಮನ ಮೊಬೈಲಿಗೆ ಬಂದ ಓಟಿಪಿಯನ್ನು ಅಮ್ಮನಿಗೆ ಓದಿ ಹೇಳುವವರು ನೀವೇ ಆದ್ದರಿಂದ ಈ ಕಾಯ್ದೆ ಸುಸೂತ್ರವಾಗಿ ನಡೆದೀತು.

ಈಗ ಪುಣೆಗೆ ಹೋಗೋಣ. 2024ರ ಮೇ 19, ಭಾನುವಾರ ನಸುಕು. ಕಲ್ಯಾಣಿನಗರದಲ್ಲಿ ಕೋಟಿಗಟ್ಟಲೆ ಬೆಲೆಯ ಪೋರ್ಷೆ ಕಾರು ಬೈಕಿಗೆ ಬಡಿದು ಇಬ್ಬರು ಎಳೆಯ ಸಾಫ್ಟ್‌ವೇರ್ ಎಂಜಿನಿಯರುಗಳು ಸತ್ತರು. ಕಾರು ಓಡಿಸುತ್ತಿದ್ದನೆಂದು ಪೊಲೀಸರು ಹಿಡಿದದ್ದು ಹದಿನೇಳರ ಹುಡುಗನನ್ನು. 1,758 ರೂಪಾಯಿ ಶುಲ್ಕ ಕಟ್ಟದ ಕಾರಣ ಆ ಕಾರಿಗೆ ಕಾಯಂ ನೋಂದಣಿಯೇ ಆಗಿರಲಿಲ್ಲ. ಅದೇ ಭಾನುವಾರ ಬಾಲನ್ಯಾಯ ಮಂಡಳಿಯಿಂದ ಜಾಮೀನು ಸಿಕ್ಕಿತು. ಷರತ್ತುಗಳಲ್ಲಿ ಒಂದು, ರಸ್ತೆ ಅಪಘಾತದ ಬಗ್ಗೆ 300 ಪದಗಳ ಪ್ರಬಂಧ. ದೇಶವೇ ಕೂಗಾಡಿದ ಮೇಲೆ ಹುಡುಗ ವೀಕ್ಷಣಾಲಯಕ್ಕೆ ಹೋದ, ಜೂನ್ 25ಕ್ಕೆ ಹೈಕೋರ್ಟ್ ಬಿಡುಗಡೆ ಮಾಡಿತು. ಅವನನ್ನು ದೊಡ್ಡವನೆಂದು ವಿಚಾರಿಸಬೇಕೆಂಬ ಪೊಲೀಸರ ಬೇಡಿಕೆಯನ್ನು 2025ರ ಜುಲೈನಲ್ಲಿ ಮಂಡಳಿ ತಳ್ಳಿಹಾಕಿತು. (ಈ ಪತ್ರ 300 ಪದ ದಾಟಿ ಬಹಳ ಹೊತ್ತಾಯಿತು. ನನ್ನ ಖಾತೆಯಲ್ಲಿ ಒಂದೆರಡು ಜಾಮೀನು ಜಮೆಯಾಗಿರಬೇಕು.)

ನೀವು ಸಿಟ್ಟಾಗಬೇಡಿ, ನನಗೆ ಆ ಜಾಮೀನಿನ ಮೇಲೆ ತಕರಾರಿಲ್ಲ. ಮಕ್ಕಳಿಗೆ ಜಾಮೀನು ಕೊಡುವುದೇ ವಾಡಿಕೆಯಾಗಬೇಕು, ನಿರಾಕರಿಸಿದರೆ ಕಾರಣ ಬರೆಯಬೇಕು ಎಂದು 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಹದಿನಾರು ದಾಟಿದವರು ಘೋರ ಅಪರಾಧ ಮಾಡಿದರೆ ಅವರ ಬುದ್ಧಿಯ ಬೆಳವಣಿಗೆ ಅಳೆದು ದೊಡ್ಡವರ ಕೋರ್ಟಿಗೆ ಕಳಿಸಲೂ ಅದರಲ್ಲಿ ದಾರಿಯಿದೆ. ಹದಿನೇಳರ ಹುಡುಗನನ್ನು ಗಲ್ಲಿಗೇರಿಸಿ ಎಂದು ಟಿವಿಯಲ್ಲಿ ಕಿರುಚುವವರ ಸಾಲಿನಲ್ಲಿ ನಾನಿಲ್ಲ. ನನಗೆ ಬೆರಗು ಹುಟ್ಟಿಸಿದ್ದು ಆ ಹುಡುಗನ ಬಾಲ್ಯ ಕಾಪಾಡಲು ದುಡಿದವರ ಸಂಖ್ಯೆ. ರಕ್ತದ ಮಾದರಿ ಬದಲಿಸಿದ ಆರೋಪದಲ್ಲಿ ತಾಯಿಯೂ ಸರಕಾರಿ ಆಸ್ಪತ್ರೆಯ ವೈದ್ಯರೂ ಬಂಧಿತರಾದರು. ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುವಂತೆ ಮನೆಯ ಡ್ರೈವರನ್ನು ಕೂಡಿಹಾಕಿದ ಆರೋಪ ಅಜ್ಜನ ಮೇಲೆ ಬಂತು. ಒಂದು ಬಾಲ್ಯಕ್ಕೆ ಇಷ್ಟು ಕಾವಲು! ನಮ್ಮ ಟೆಂಬಿಪಾಡಾದಲ್ಲಿ ಮೊಬೈಲ್ ಕದ್ದು ಸಿಕ್ಕಿಬಿದ್ದ ಹದಿನಾರರವನ ಪರವಾಗಿ ಭಾನುವಾರ ಬಾಗಿಲು ತೆರೆಸುವವರು ಯಾರು? ಅವನಿಗೆ ಡೋಂಗ್ರಿಯ ವೀಕ್ಷಣಾಲಯದ ದಾರಿ ಗೊತ್ತು, ಪ್ರಬಂಧದ ವಿಷಯ ಯಾರೂ ಕೊಡುವುದಿಲ್ಲ.

ನಮ್ಮ ಕಾಲದಲ್ಲಿ ಬಾಲ್ಯ ಮುಗಿಯುತ್ತಿದ್ದುದು ಬೊಂಬಾಯಿ ಬಸ್ಸು ಹತ್ತಿದ ಕೂಡಲೇ. ಕುಂದಾಪುರ, ಕಾರ್ಕಳ, ಉಡುಪಿ ಕಡೆಯಲ್ಲಿ ಏಳನೆಯದು ಪಾಸಾದವನೂ ಫೇಲಾದವನೂ ಯಾರೋ ಸಂಬಂಧಿಕರ ಬೆನ್ನಿಗೆ ಬಿದ್ದು ಬಂದು ಇಲ್ಲಿ ಪೋರ್ಯ ಎನಿಸಿಕೊಳ್ಳುತ್ತಿದ್ದ. ಮೊದಲು ಮೋರಿಯಲ್ಲಿ ಕಪ್ಪುಬಸಿ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು, ಆಮೇಲೆ ಕಾರ್ಖಾನೆಗಳ ಗೇಟಿಗೆ ಚಹಾ ಹೊತ್ತೊಯ್ಯುವ ಬಾಹರ್‌ವಾಲಾ. ರಾತ್ರಿ ಅದೇ ಟೇಬಲುಗಳನ್ನು ಜೋಡಿಸಿ ನಿದ್ದೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಘಗಳು ರಾತ್ರಿ ಶಾಲೆ ತೆರೆದದ್ದು ಇಂಥವರಿಗಾಗಿ. ಹಗಲೆಲ್ಲ ದೊಡ್ಡವನಾಗಿ ದುಡಿದು, ರಾತ್ರಿ ಎರಡು ಗಂಟೆ ಮಾತ್ರ ಮಗುವಾಗಿ ಬೆಂಚಿನ ಮೇಲೆ ತೂಕಡಿಸುವ ಸೌಭಾಗ್ಯವನ್ನು ಆ ಶಾಲೆಗಳು ಕೊಟ್ಟವು. ಅಲ್ಲಿ ಕಲಿತು ಬ್ಯಾಂಕು ಸೇರಿದವರು, ವಕೀಲರಾದವರು, ಹೋಟೆಲಿನ ಒಡೆಯರೇ ಆದವರು ಸಮಾರಂಭಗಳಲ್ಲಿ ಹಾರ ಹಾಕಿಸಿಕೊಂಡು ಆ ಕಷ್ಟದ ದಿನಗಳನ್ನು ನೆನೆಯುತ್ತಾರೆ. ಮೋರಿಯಲ್ಲೇ ಉಳಿದವನಿಗೆ ಮೈಕು ಸಿಕ್ಕಿಲ್ಲ.

2006ರ ಅಕ್ಟೋಬರ್ 10ರಿಂದ ಹದಿನಾಲ್ಕರ ಒಳಗಿನವರನ್ನು ಹೋಟೆಲಿನಲ್ಲೂ ಮನೆಗೆಲಸದಲ್ಲೂ ಇಟ್ಟುಕೊಳ್ಳುವಂತಿಲ್ಲ ಎಂದಾಯಿತು. 2016ರ ತಿದ್ದುಪಡಿ ಎಲ್ಲ ಉದ್ಯೋಗಕ್ಕೂ ಆ ನಿಷೇಧ ವಿಸ್ತರಿಸಿತು. ಒಂದು ಸಣ್ಣ ಕಿಟಕಿ ಮಾತ್ರ ತೆರೆದಿಟ್ಟಿತು: ಶಾಲೆ ಬಿಟ್ಟ ಮೇಲೆ ಮಗು ತನ್ನ ಕುಟುಂಬದ ಉದ್ಯಮಕ್ಕೆ ನೆರವಾಗಬಹುದು. ಕುಟುಂಬವೆಂದರೆ ಅಪ್ಪ ಅಮ್ಮ ಅಷ್ಟೇ ಅಲ್ಲ, ಅವರ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಸೇರುತ್ತಾರೆ. ಸೋದರಮಾವನೂ ಸೇರಿದ ಅಂದಮೇಲೆ ಕೇಳಬೇಕೇ? ಇನ್‌ಸ್ಪೆಕ್ಟರು ಒಳಗೆ ಕಾಲಿಡುವಾಗ ಕ್ಲೀನರ್ ಹುಡುಗ ಧಣಿಯ ಅಕ್ಕನ ಮಗನಾಗುತ್ತಾನೆ. ಅಳಿಯಸಂತಾನ ಕಟ್ಟಿನ ಪ್ರಕಾರ ಹೋಟೆಲೇ ಅವನಿಗೆ ಬರಬೇಕು. ಇನ್‌ಸ್ಪೆಕ್ಟರು ಚಹಾ ಕುಡಿದು ಹೋದ ಮೇಲೆ ಅವನ ಪಾಲಿಗೆ ಬರುವುದು ಮೋರಿ.

ಅವನ ವಯಸ್ಸೆಷ್ಟು ಎಂದು ಯಾರಾದರೂ ಪಟ್ಟು ಹಿಡಿದರೆ? ಬಾಲನ್ಯಾಯ ಕಾಯ್ದೆ ಮೊದಲು ಶಾಲೆಯ ದಾಖಲೆ ನೋಡು ಎನ್ನುತ್ತದೆ, ಅದಿಲ್ಲವಾದರೆ ಪಾಲಿಕೆ ಅಥವಾ ಪಂಚಾಯಿತಿಯ ಜನನಪತ್ರ, ಅದೂ ಇಲ್ಲವಾದರೆ ಎಲುಬಿನ ಪರೀಕ್ಷೆ. ಶಾಲೆಯ ದಾಖಲೆ ಹೇಗೆ ಹುಟ್ಟುತ್ತದೆಂದು ನಮ್ಮ ತಲೆಮಾರಿನವರನ್ನು ಕೇಳಿ. ಹೆಸರು ಹಚ್ಚಲು ಹೋದ ದಿನ ಹೆಡ್‌ಮಾಸ್ತರರು ಕಿವಿ ಹಿಡಿದು ನಿಲ್ಲಿಸಿ, ಮೇಲಿಂದ ಕೆಳಗೆ ನೋಡಿ, ಜೂನ್ 1 ಎಂದು ಬರೆದುಕೊಂಡರು. ಊರಿನ ಅರ್ಧ ಜನ ಒಂದೇ ದಿನ ಹುಟ್ಟಿದೆವು. ದಾಖಲೆ ಕೈಯಲ್ಲಿರುವವನು ಹದಿನೆಂಟಕ್ಕೆ ಒಂದು ದಿನ ಕಡಿಮೆಯಿದ್ದರೂ ಮಗು. ಅದಿಲ್ಲದವನು ಎಕ್ಸ್‌ರೇ ಯಂತ್ರದ ಕೆಳಗೆ ಮಣಿಕಟ್ಟು ಚಾಚಿ ನಿಲ್ಲಬೇಕು. ಚಿಕ್ಕಂದಿನಿಂದ ಬಕೆಟ್ಟು ಹೊತ್ತ ಕೈಯದು. ಎಲುಬು ಅವನ ಪರ ಸಾಕ್ಷಿ ಹೇಳೀತು ಎಂಬ ಭರವಸೆ ನನಗಿಲ್ಲ.

ಕೊನೆಗೆ ಮತದ ಕೆಲಸ. 1989ರಲ್ಲಿ ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದು ನಿಮ್ಮ ಮಟ್ಟಕ್ಕೆ ಬಂದ ಹಕ್ಕು ಇದು. 2022ರಿಂದ ಹದಿನೇಳಕ್ಕೇ ಅರ್ಜಿ ಕೊಟ್ಟು ಕಾಯಬಹುದು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೆಯ ತಾರೀಕುಗಳಲ್ಲಿ ನಿಮಗೆ ಯಾವಾಗ ಹದಿನೆಂಟು ತುಂಬಿರುತ್ತದೋ ಆಗ ಪಟ್ಟಿಗೆ ಸೇರುತ್ತೀರಿ. ಅದೇ 2022ರ ಮಾರ್ಚಿನಲ್ಲಿ ಮುಂಬಯಿ ಪಾಲಿಕೆಯ ಅವಧಿ ಮುಗಿದು, ಮೂರು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಎಸ್ ವಾರ್ಡಿಗೆ ನಗರಸೇವಕರೇ ಇರಲಿಲ್ಲ, ಆಡಳಿತಾಧಿಕಾರಿಯೇ ಎಲ್ಲ. ಆ ವರ್ಷ ಹದಿನೆಂಟಾದ ನಿಮ್ಮ ಅಕ್ಕ ಅಣ್ಣಂದಿರು ವಾರ್ಡಿನ ಮಟ್ಟಿಗೆ ಕಾರ್ಡು ಕಿಸೆಯಲ್ಲಿಟ್ಟುಕೊಂಡು ಬಿಯರಿನ ವಯಸ್ಸು ಮುಟ್ಟಿದರು. ಆದರೂ ಅರ್ಜಿ ಹಾಕಿ. ಅದಕ್ಕೆ ಫಾರ್ಮ್ 6 ಎನ್ನುತ್ತಾರೆ. ಹಾಗೇ ಹೋಟೆಲಿಗೆ ಬಂದು, ಒಳಗೆ ಕಪ್ಪು ತೊಳೆಯುತ್ತಿರುವ ನಿಮ್ಮದೇ ವಯಸ್ಸಿನ ನನ್ನ 'ಅಳಿಯ'ನದೂ ತುಂಬಿಕೊಡಿ, ಅವನಿಗೆ ಮರಾಠಿ ಫಾರ್ಮು ಓದಲು ಬರುವುದಿಲ್ಲ. ಹುಟ್ಟಿದ ದಿನ ಅವನಿಗೆ ಗೊತ್ತಿಲ್ಲದಿದ್ದರೆ ಊರಿಗೆ ಫೋನು ಮಾಡಿಸಿ ಕೇಳಿ. ಜೂನ್ 1 ಮಾತ್ರ ಬರೆಯಬೇಡಿ, ಆ ದಿನ ಜಾಗ ಖಾಲಿಯಿಲ್ಲ.

ಇತಿ,
ಸರಕಾರದ ದಾಖಲೆಯಂತೆ ಪ್ರಾಪ್ತವಯಸ್ಕನಾದ,
ನಿಮ್ಮ ಗಲ್ಲೆಯ ಮಾವ