ಗೆಲ್ಲುವ ಕುದುರೆ ಯಾವುದು: ರೇಸ್ ಪುಸ್ತಕದ ಸಂದರ್ಶನ

ರೇಸ್ ಪುಸ್ತಕವು ಓಟದ ಹಿಂದಿನ ದಿನ ಅಂಗಡಿಗೆ ಬಂದು ಮರುದಿನ ಸಂಜೆಗೆಲ್ಲ ರದ್ದಿಯಾಗುವ ಪ್ರಕಟಣೆ. ಆ ದಿನದ ಪ್ರತಿ ಓಟದಲ್ಲಿ ಓಡುವ ಕುದುರೆಗಳ ಹೆಸರು, ವಯಸ್ಸು, ತಂದೆ ತಾಯಿ, ರೇಟಿಂಗ್, ಹೊರಬೇಕಾದ ತೂಕ, ಜಾಕಿ, ಟ್ರೇನರ್, ಗೇಟ್ ನಂಬರು, ಹಿಂದಿನ ಓಟಗಳ ಫಲಿತಾಂಶ ಎಲ್ಲವೂ ಅದರಲ್ಲಿರುತ್ತವೆ. ಅದನ್ನು ಓದುವ ಶ್ರದ್ಧೆಯಲ್ಲಿ ಕಾಲುಭಾಗವನ್ನು ಹತ್ತನೇ ಕ್ಲಾಸಿನ ಗಣಿತಕ್ಕೆ ಕೊಟ್ಟಿದ್ದರೆ ಅದರ ಓದುಗರಲ್ಲಿ ಬಹುಪಾಲು ಮಂದಿ ಇವತ್ತು ರೇಸಿಗೆ ಹೋಗುತ್ತಿರಲಿಲ್ಲ.

ಸಂದರ್ಶನಕ್ಕೆ ಒಪ್ಪಿದ ಪುಸ್ತಕ ದೊಡ್ಡಬಳ್ಳಾಪುರದ ಒಬ್ಬ ಪವರ್‌ಲೂಮ್ ಮಾಲೀಕರದ್ದು. ಉದ್ದಕ್ಕೆ ಮಡಚಿ ಪ್ಯಾಂಟಿನ ಹಿಂಜೇಬಿಗೆ ತುರುಕಿದ್ದರಿಂದ ಅದರ ನಡುವೆ ಗೀರು ಬಿದ್ದಿತ್ತು. ನಾಲ್ಕನೇ ಓಟದ ಪುಟದಲ್ಲಿ ಬಾಲ್‌ಪೆನ್ನಿನ ಮೂರು ಸುತ್ತು, ಪುಟದಂಚಿನಲ್ಲಿ ನೂಲಿನ ಬಾಕಿಯ ಲೆಕ್ಕ. ಬಸ್ಸು ದೊಡ್ಡಬಳ್ಳಾಪುರ ಬಿಟ್ಟು ಮೆಜೆಸ್ಟಿಕ್ ಸೇರುವವರೆಗೆ ಪುಸ್ತಕ ಮಾತಾಡಿತು. ಮಾಲೀಕರು ನಿದ್ದೆಯಲ್ಲಿದ್ದರು.

ದೊಡ್ಡಬಳ್ಳಾಪುರದ ಸೀಮೆಗೂ ಕುದುರೆಗೂ ಏನು ಸಂಬಂಧ ಎಂಬುದು ಮೊದಲ ಪ್ರಶ್ನೆ. ಪುಸ್ತಕಕ್ಕೆ ಸ್ವಲ್ಪ ಬೇಸರವಾಯಿತು. ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ. ನೆಲಮಂಗಲದಿಂದ ಮಂಗಳೂರು ರಸ್ತೆ ಹಿಡಿದರೆ ಸಿಗುವ ಕುಣಿಗಲ್ ಕುದುರೆ ಫಾರಮ್ಮಿನ ಮೂಲವನ್ನು ಹೈದರ್, ಟಿಪ್ಪು ಕಾಲದ ಅಶ್ವದಳಕ್ಕೇ ಒಯ್ಯುತ್ತಾರೆ. 1992ರಲ್ಲಿ ಸರ್ಕಾರ ಆ ಫಾರಮ್ಮನ್ನು ವಿಜಯ್ ಮಲ್ಯ ಅವರ ಕಂಪನಿಗೆ ಗುತ್ತಿಗೆಗೆ ಕೊಟ್ಟಿತು. ಬೆಂಗಳೂರಿನ ರೇಸ್ ಕ್ಲಬ್ಬಿನ ಹುಟ್ಟು 1921ರದ್ದು. "ಮೊದಲು ಕುದುರೆ ಸಾಕ್ತಿದ್ದದ್ದು ಕೋಟೆ ಗೆಲ್ಲೋಕೆ ಸ್ವಾಮಿ, ಈಗ 1200 ಮೀಟರ್ ಗೆಲ್ಲೋಕೆ. ಸೋತೋರ ಮುಖ ಮಾತ್ರ ಆಗ್ಲೂ ಈಗ್ಲೂ ಒಂದೇ," ಎಂದಿತು.

ರಾಜಾನುಕುಂಟೆಗೆ ಬರುವಷ್ಟರಲ್ಲಿ ಮಾತು ವಂಶಾವಳಿಗೆ ಹೊರಳಿತು. ಇಲ್ಲಿನ ರೇಸಿನ ಕುದುರೆಗಳೆಲ್ಲ ಥರೋಬ್ರೆಡ್ ತಳಿಯವು. ಗಂಡು ಸಂತತಿಯ ಜಾಡು ಹಿಡಿದು ಹಿಂದಕ್ಕೆ ಹೋದರೆ ಅವೆಲ್ಲ ಇಂಗ್ಲೆಂಡಿಗೆ ತರಲಾದ ಮೂರೇ ಮೂರು ಗಂಡುಕುದುರೆಗಳಿಗೆ ಬಂದು ಸೇರುತ್ತವೆ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ವಯಸ್ಸಿನ ಲೆಕ್ಕವೂ ವಿಚಿತ್ರ. ಮರಿ ಯಾವ ತಿಂಗಳಲ್ಲೇ ಹುಟ್ಟಿರಲಿ, ಇಲ್ಲಿನ ಎಲ್ಲ ಕುದುರೆಗಳಿಗೂ ಜನವರಿ 1ಕ್ಕೆ ಒಂದು ವರ್ಷ ಹೆಚ್ಚುತ್ತದೆ. ಹಳ್ಳಿ ಶಾಲೆಯ ಹೆಡ್‌ಮಾಸ್ಟರು ಊರಿನ ಮಕ್ಕಳಿಗೆಲ್ಲ ಜೂನ್ 1ನ್ನೇ ಹುಟ್ಟುಹಬ್ಬವಾಗಿ ಬರೆದುಕೊಟ್ಟ ಹಾಗೆ. ವಂಶ ನೋಡಿ ಗೆಲುವು ಹೇಳಬಹುದೇ ಎಂದರೆ, ಇನ್ನೂ ಓಡದ ಎಳೆ ಕುದುರೆಯ ವಿಷಯದಲ್ಲಿ ಸ್ವಲ್ಪ ಹೇಳಬಹುದು: ತಂದೆಯ ಮರಿಗಳು ಚಿಕ್ಕ ದೂರಕ್ಕೆ ಹೆಸರಾದವೋ ದೊಡ್ಡ ದೂರಕ್ಕೋ ಎಂಬುದಷ್ಟು. ಹತ್ತು ಸಲ ಓಡಿದ ಕುದುರೆಯ ಅಪ್ಪ ಯಾರು ಎಂದು ಕೇಳುತ್ತ ಕೂರುವುದು ಕಾಲಹರಣ.

ಗೆಲ್ಲುವ ಕುದುರೆ ಹುಡುಕುವವರಿಗೆ ಎದುರಾಗುವ ಮೊದಲ ತೊಡಕು ಹ್ಯಾಂಡಿಕ್ಯಾಪ್ ಪದ್ಧತಿ. ದಿನದ ಹೆಚ್ಚಿನ ಓಟಗಳು ಇದೇ ಬಗೆಯವು. ಕ್ಲಬ್ಬು ಪ್ರತಿ ಕುದುರೆಗೆ ಸಾಮರ್ಥ್ಯ ನೋಡಿ ಒಂದು ಅಂಕ ಕೊಡುತ್ತದೆ, ಅದೇ ರೇಟಿಂಗ್. ಅಂಕದ ಮೇಲೆ ತರಗತಿ, ಒಂದೇ ತರಗತಿಯೊಳಗೆ ಅಂಕದ ಮೇಲೆ ತೂಕ. ಒಂದು ಅಂಕಕ್ಕೆ ಅರ್ಧ ಕಿಲೋ. 40 ಅಂಕದ ಕುದುರೆ 60 ಕಿಲೋ ಹೊತ್ತರೆ 30 ಅಂಕದ್ದು 55 ಕಿಲೋ ಹೊರುತ್ತದೆ. ಜಾಕಿ ಹಗುರವಾಗಿದ್ದರೆ ಜೀನಿನ ಚೀಲದಲ್ಲಿ ಸೀಸದ ಹಲಗೆ ಇಟ್ಟು ತೂಕ ತುಂಬಿಸುತ್ತಾರೆ. ಓಟಕ್ಕೆ ಮುಂಚೆಯೂ ಆಮೇಲೂ ಜಾಕಿ ಜೀನು ಸಮೇತ ತಕ್ಕಡಿ ಹತ್ತಬೇಕು.

"ಹಾಗಾದರೆ ಈ ಪದ್ಧತಿಯ ಉದ್ದೇಶ ಏನು?"

"ಎಲ್ಲ ಕುದುರೆಗಳೂ ಒಟ್ಟಿಗೇ ಗುರಿ ಮುಟ್ಟಬೇಕು ಅಂತ. ಅಂದರೆ ನಿಮ್ಮಂಥೋರು ನನ್ನನ್ನ ಓದಿ ಏನೂ ಪತ್ತೆ ಹಚ್ಚಬಾರದು ಅಂತ. ಅದಕ್ಕೇ ಅಂತ ಸಂಬಳ ಕೊಟ್ಟು ಒಬ್ಬ ಹ್ಯಾಂಡಿಕ್ಯಾಪರ್‌ನ ಇಟ್ಟಿದಾರೆ. ಅವರ ಕೆಲಸ ಚೆನ್ನಾಗಾದಷ್ಟೂ ನನ್ನ ಕೆಲಸ ಕೆಡುತ್ತೆ."

ಆದರೂ ಆ ಪದ್ಧತಿಯಲ್ಲಿ ಸಂದುಗಳಿವೆ, ಮತ್ತು ಪುಸ್ತಕ ಅವನ್ನು ಮುಚ್ಚಿಡಲಿಲ್ಲ. ಒಂದು ಮೈಲಿಯ ಆಸುಪಾಸಿನ ಓಟದಲ್ಲಿ ಒಂದು ಕಿಲೋ ತೂಕಕ್ಕೆ ಸುಮಾರು ಒಂದು ಕುದುರೆಯುದ್ದದ ಅಂತರ ಎಂಬುದು ಬಲ್ಲವರ ಅಂದಾಜು. ದೂರ ಕಡಿಮೆಯಾದಷ್ಟು ತೂಕದ ಪರಿಣಾಮವೂ ಕಡಿಮೆ. ಕಳೆದ ಸಲ ಅರ್ಧ ಉದ್ದದಲ್ಲಿ ಸೋತ ಕುದುರೆ ಈ ಸಲ, ಗೆದ್ದದ್ದಕ್ಕಿಂತ ಮೂರು ಕಿಲೋ ಹಗುರವಾಗಿ ಬಂದರೆ ಗಮನಿಸಬೇಕು. ಮೇಲಿನ ತರಗತಿಯಲ್ಲಿ ಸೋತು ಸೋತು ಅಂಕ ಇಳಿದು ಕೆಳಗಿನ ತರಗತಿಗೆ ಬಂದ ಕುದುರೆಯ ಮೇಲೂ ಕಣ್ಣಿರಬೇಕು. ಅಪ್ರೆಂಟಿಸ್ ಜಾಕಿಗೆ ಸಿಗುವ ತೂಕದ ರಿಯಾಯಿತಿಯೂ ಲೆಕ್ಕಕ್ಕೆ ಬರುತ್ತದೆ. ಆದರೆ ಅವನು ಉಳಿಸಿದ ಕಿಲೋಗಳನ್ನು ತಿರುವಿನಲ್ಲಿ ಅಗಲಕ್ಕೆ ಓಡಿ ವಾಪಸ್ ಕೊಟ್ಟುಬಿಡುವುದೂ ಉಂಟು. ಚಿಕ್ಕ ದೂರದ ಓಟದಲ್ಲಿ ಹೊರಗಿನ ಗೇಟು ಸಿಕ್ಕ ಕುದುರೆಗೂ ಇದೇ ಪಾಡು.

ಹಿಂದಿನ ಓಟಗಳ ಪಟ್ಟಿಯನ್ನು ಜನ ಓದುವ ಕ್ರಮದ ಬಗ್ಗೆ ಪುಸ್ತಕದ ದೂರು ದೊಡ್ಡದು. ಒಂದನೆಯದು, ಎರಡನೆಯದು ಎಂಬ ಸ್ಥಾನ ಮಾತ್ರ ನೋಡುತ್ತಾರೆ, ಎಷ್ಟು ಅಂತರ ಎಂದು ನೋಡುವುದಿಲ್ಲ. ಒಂದು ಸೆಕೆಂಡಿನಲ್ಲಿ ಐದಾರು ಕುದುರೆಯುದ್ದ ಸಾಗಿಹೋಗುವ ಓಟದಲ್ಲಿ ಆರನೆಯದಾಗಿ ಬಂದ ಕುದುರೆ ಒಂದೇ ಸೆಕೆಂಡು ಹಿಂದಿದ್ದಿರಬಹುದು. ಎರಡನೆಯದಾಗಿ ಬಂದದ್ದು ಎಂಟು ಉದ್ದ ಹಿಂದೆ ಬಿದ್ದಿರಬಹುದು. ದೂರ ಬೇರೆ, ಎದುರಾಳಿ ಬೇರೆ, ಮಳೆಗೆ ನೆನೆದ ಟ್ರ್ಯಾಕ್ ಬೇರೆ. "ನಾನು ಬರೆದಿರೋದು ಆಗಿ ಹೋದದ್ದು. ಅದನ್ನ ಆಗೋದು ಅಂತ ಓದ್ತಾರೆ. ತಪ್ಪು ನನ್ನ ಮೇಲೆ!"

ಬೆಳಗಿನ ಟ್ರ್ಯಾಕ್‌ವರ್ಕ್ ವರದಿಯ ಬಗ್ಗೆ ಕೇಳಿದಾಗ ಪುಸ್ತಕ ತುಸು ನಾಚಿಕೊಂಡಿತು. ಬೆಳಕು ಹರಿಯುವ ಹೊತ್ತಿಗೆ ಕುದುರೆಗಳನ್ನು ಮರಳಿನ ಟ್ರ್ಯಾಕಿನಲ್ಲಿ ಓಡಿಸುತ್ತಾರೆ. ದುರ್ಬೀನು, ಸ್ಟಾಪ್‌ವಾಚು ಹಿಡಿದವರು ಸಮಯ ಗುರುತು ಹಾಕಿಕೊಳ್ಳುತ್ತಾರೆ. 1000 ಮೀಟರ್ 1 ನಿಮಿಷ 7 ಸೆಕೆಂಡು, ಕೊನೆಯ 600 ಮೀಟರ್ 40 ಸೆಕೆಂಡು ಎಂಬಂತೆ. ಸಮಯ ನಿಜವೇ. ಆದರೆ ಬೆನ್ನ ಮೇಲಿದ್ದವರ ತೂಕ ಎಷ್ಟು, ಅವರು ಲಗಾಮು ಬಿಗಿಹಿಡಿದಿದ್ದರೋ ಬಾರುಕೋಲು ತೋರಿಸಿದ್ದರೋ ಎಂಬುದು ಅಂಕಿಯೊಳಗೆ ಇರುವುದಿಲ್ಲ. ಪಕ್ಕದಲ್ಲಿ ಬರೆಯುವ ಷರಾದಲ್ಲಂತೂ ಎಲ್ಲವೂ ಮಂಗಳವೇ: ಒಂದು ಕುದುರೆ 'ಹಿತವಾಗಿ ಓಡಿತು', ಇನ್ನೊಂದು 'ಫಾರ್ಮ್ ಉಳಿಸಿಕೊಂಡಿದೆ', ಮತ್ತೊಂದು 'ಚುರುಕಾಗಿದೆ'. 'ಇದು ಗೆಲ್ಲುವುದಿಲ್ಲ, ದುಡ್ಡು ಹಾಕಬೇಡಿ' ಎಂದು ಬರೆದ ಷರಾ ತನ್ನ ಪುಟಗಳಲ್ಲಿ ಎಂದೂ ಅಚ್ಚಾಗಿಲ್ಲ ಎಂದು ಅದು ಒಪ್ಪಿಕೊಂಡಿತು.

ಯಲಹಂಕದ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ, ಪ್ರಾಣಿಯನ್ನು ನೋಡದೆ ಅಂದಾಜು ಮಾಡುವುದು ಸರಿಯೇ ಎಂಬ ಪ್ರಶ್ನೆ ಬಂತು. ಪುಸ್ತಕ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ನೆನೆಯಿತು. ಅಲ್ಲಿ ಹಳ್ಳಿಕಾರ್ ಜೋಡಿ ಕೊಳ್ಳಲು ಬಂದವರು ಮೊದಲು ಬಾಯಿ ಬಿಡಿಸುತ್ತಾರೆ: ಹಾಲಲ್ಲೋ, ಎರಡಲ್ಲೋ, ನಾಲ್ಕಲ್ಲೋ, ಬಾಯಿಗೂಡಿದ್ದೋ. ಹಣೆಯ ಸುಳಿ, ಬೆನ್ನ ಸುಳಿ ನೋಡುತ್ತಾರೆ. ಗೊರಸು ಎತ್ತಿ ನೋಡಿ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಇಷ್ಟಾದ ಮೇಲೆ ಇಬ್ಬರ ಕೈಗಳೂ ಟವಲ್ಲಿನ ಕೆಳಗೆ ಹೋಗುತ್ತವೆ. ಬೆರಳು ಹಿಡಿದು, ಬೆರಳು ಬಿಟ್ಟು ಬೆಲೆ ಕುದುರುತ್ತದೆ, ಸುತ್ತ ನಿಂತವರಿಗೆ ಒಂದಂಕಿಯೂ ಗೊತ್ತಾಗುವುದಿಲ್ಲ. ರೇಸಿನಲ್ಲೂ ಇಂಥ ಜಾಗವೊಂದಿದೆ, ಪ್ಯಾಡಕ್ ಎಂದು ಹೆಸರು. ಓಟಕ್ಕೆ ಮುಂಚೆ ಕುದುರೆಗಳನ್ನು ಅಲ್ಲಿ ಸುತ್ತು ನಡೆಸುತ್ತಾರೆ. ಮೈ ಹೊಳಪು, ಪಕ್ಕೆ, ಕಿವಿಯ ನಿಲುವು, ನಡೆಯುವ ಲಯ, ತೊಡೆಸಂದಿಯಲ್ಲಿ ನೊರೆ ಬಂದ ಬೆವರು, ಎಲ್ಲವೂ ಪುಕ್ಕಟೆ ನೋಡಲು ಸಿಗುತ್ತವೆ. ಅಷ್ಟು ಹೊತ್ತಿಗೆ ಜನ ಬಾಜಿಯ ಬೆಲೆ ಬರೆದ ಬುಕ್ಕಿಗಳ ಬೋರ್ಡಿನ ಮುಂದೆ ಇರುತ್ತಾರೆ. "ಎತ್ತು ಕೊಳ್ಳೋನಿಗೆ ಬೆಲೆ ಕಡೇ ಮಾತು. ನಮ್ಮೋರಿಗೆ ಅದೇ ಮೊದಲ್ನೇ ಮಾತು. ಆದ್ರೆ ಅದನ್ನೂ ನೆಟ್ಟಗೆ ಓದಲ್ಲ."

ಬೆಲೆ ಓದುವುದು ಹೇಗೆ ಎಂಬುದನ್ನು ಪುಸ್ತಕ ಲೆಕ್ಕ ಹಾಕಿಯೇ ತೋರಿಸಿತು. ನಾಲ್ಕು ಕುದುರೆಗಳ ಓಟ ಎಂದಿಟ್ಟುಕೊಳ್ಳಬೇಕು. ಬೋರ್ಡಿನಲ್ಲಿ ಮೊದಲನೆಯದಕ್ಕೆ ಒಂದಕ್ಕೆ ಒಂದೂವರೆ, ಎರಡನೆಯದಕ್ಕೆ ಒಂದಕ್ಕೆ ಎರಡು, ಮೂರನೆಯದಕ್ಕೆ ಮೂರು, ನಾಲ್ಕನೆಯದಕ್ಕೆ ಐದು. ಒಂದಕ್ಕೆ ಒಂದೂವರೆ ಎಂದರೆ ಗೆದ್ದಾಗ ಹಾಕಿದ ಒಂದರ ಜೊತೆ ಒಂದೂವರೆ ಲಾಭ; ಹಾಗಾಗಿ ಆ ಕುದುರೆ ನೂರರಲ್ಲಿ 40 ಸಲ ಗೆದ್ದರೆ ಮಾತ್ರ ಹಾಕಿದ ದುಡ್ಡು ಸರಿಹೋಗುತ್ತದೆ. ಮಿಕ್ಕವಕ್ಕೆ ಇದೇ ಲೆಕ್ಕದಲ್ಲಿ 33.3, 25, 16.7. ಕೂಡಿದರೆ 115. ಒಂದು ಓಟದಲ್ಲಿ ಗೆಲುವಿನ ಸಾಧ್ಯತೆಗಳೆಲ್ಲ ಸೇರಿ 100 ದಾಟಲಾರವು. ಹೆಚ್ಚಿಗೆ ಬಂದ 15 ಬುಕ್ಕಿಯ ಮನೆಯ ಅಕ್ಕಿಬೇಳೆ. ನಾಲ್ಕು ಕುದುರೆಗಳ ಮೇಲೂ ಈ ಪ್ರಮಾಣದಲ್ಲೇ ಹಂಚಿ ಹಾಕಿದವರಿಗೆ ಪ್ರತಿ ₹100ಕ್ಕೆ ₹87 ಮಾತ್ರ ಮರಳುತ್ತದೆ. ಟೋಟ್ ಎಂಬ ಏರ್ಪಾಟಿನಲ್ಲಿ ಬುಕ್ಕಿ ಇರುವುದಿಲ್ಲ. ಎಲ್ಲರ ದುಡ್ಡನ್ನೂ ಒಂದು ಕಡೆ ಸೇರಿಸಿ, ಕ್ಲಬ್ಬಿನ ಪಾಲನ್ನು ಮೊದಲೇ ತೆಗೆದಿಟ್ಟು, ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ.

"ಹಾಗಿದ್ದರೆ ಯಾವ ಕುದುರೆ ಗೆಲ್ಲುತ್ತದೆ ಎಂದು ಕೇಳುವುದೇ ತಪ್ಪೇ?"

"ಅದನ್ನ ಊರಿಗೆ ಊರೇ ಕೇಳುತ್ತೆ ಸ್ವಾಮಿ. ಉತ್ತರ ಬೋರ್ಡಿನ ಮೇಲೇ ಇದೆ. ಎಲ್ಲರೂ ಗೆಲ್ಲುತ್ತೆ ಅನ್ನೋ ಕುದುರೆಗೆ ಬೆಲೆ ಬಿದ್ದಿರುತ್ತೆ. ಕೇಳಬೇಕಾದ್ದು, ಈ ಬೆಲೆಗೆ ಇದು ಲಾಯಕ್ಕಾ ಅಂತ."

ಈ ಮಾತಿಗೆ ಆಧಾರವಿದೆ. ಜಗತ್ತಿನ ಹೆಚ್ಚಿನ ರೇಸ್‌ಕೋರ್ಸುಗಳಲ್ಲಿ ಫೇವರಿಟ್ ಕುದುರೆ ಮೂರು ಓಟಗಳಲ್ಲಿ ಸುಮಾರು ಒಂದನ್ನು ಗೆಲ್ಲುತ್ತದೆ. ಆದರೂ ಅದರ ಮೇಲೆ ಪ್ರತಿ ಸಲ ಹಾಕಿದವರು ನಿಧಾನವಾಗಿ ಸೋಲುತ್ತಾರೆ. ಒಂದಕ್ಕೆ ಐವತ್ತು ಕೊಡುವ ಕುದುರೆಗಳ ಬೆನ್ನು ಹತ್ತಿದವರು ಇನ್ನೂ ಬೇಗ ಸೋಲುತ್ತಾರೆ. ಅಂಥ ಕುದುರೆಗಳ ಮೇಲೆ ಜನ ಅಗತ್ಯಕ್ಕಿಂತ ಹೆಚ್ಚು ಹಾಕುತ್ತಾರೆ ಎಂಬುದನ್ನು ಗ್ರಿಫಿತ್ ಎಂಬ ಮನಶ್ಶಾಸ್ತ್ರಜ್ಞ 1949ರಲ್ಲೇ ತೋರಿಸಿದ್ದ. ಹಾಂಗ್‌ಕಾಂಗಿನಲ್ಲಿ ಕಂಪ್ಯೂಟರ್ ಲೆಕ್ಕದಿಂದ ಭಾರಿ ಹಣ ಗೆದ್ದ ಬಿಲ್ ಬೆಂಟರ್ 1994ರಲ್ಲಿ ತನ್ನ ವಿಧಾನವನ್ನು ಬರೆದು ಪ್ರಕಟಿಸಿದ. ಅವನ ಸ್ವಂತ ಲೆಕ್ಕ ಒಂದೇ ಸಾಲಲಿಲ್ಲ; ಜನ ಕಟ್ಟಿದ ಬೆಲೆಯನ್ನೂ ಅದರೊಳಗೆ ಬೆರೆಸಿದ ಮೇಲಷ್ಟೇ ಕೆಲಸ ಮಾಡಿತು. ಅಂದರೆ ಪುಸ್ತಕ ಓದಿದವರ ಜ್ಞಾನವೆಲ್ಲ ಬೋರ್ಡಿಗೆ ಮೊದಲೇ ಹೋಗಿ ಕೂತಿರುತ್ತದೆ.

ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಕಾನೂನಿನ ಮಾತು ಬಂತು. 1996ರ ಜನವರಿ 12ರಂದು ಸುಪ್ರೀಂ ಕೋರ್ಟ್, ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ, ಕುದುರೆ ರೇಸು ಮುಖ್ಯವಾಗಿ ಕೌಶಲದ ಆಟ, ಜೂಜಲ್ಲ ಎಂದಿತು. ಪುಸ್ತಕ ಈ ತೀರ್ಪನ್ನು ತನ್ನ ಕುಲಕ್ಕೆ ಸಿಕ್ಕ ಬಿರುದೆಂದು ಭಾವಿಸುತ್ತದೆ. ಜಿಎಸ್‌ಟಿ ಮಂಡಳಿಗೆ ಆ ಬಿರುದು ಕಾಣಿಸಿದಂತಿಲ್ಲ. 2023ರ ಅಕ್ಟೋಬರ್ 1ರಿಂದ ಬಾಜಿಯ ಪೂರ್ತಿ ಮೊತ್ತದ ಮೇಲೆ 28% ತೆರಿಗೆ, ಲಾಟರಿ ಮತ್ತು ಕ್ಯಾಸಿನೋ ಜೊತೆ ಒಂದೇ ಪಂಕ್ತಿಯಲ್ಲಿ. 2025ರ ಸೆಪ್ಟೆಂಬರ್ 22ರಿಂದ ಅದು 40%. ಮೇಲಿನ ಉದಾಹರಣೆಯಲ್ಲಿ ₹100 ಬಾಜಿಗೆ ತೆರಿಗೆ ಸೇರಿ ₹140 ಕೊಟ್ಟು ₹87 ವಾಪಸ್ ಪಡೆಯುವುದಕ್ಕೆ ಎಷ್ಟು ಕೌಶಲ ಬೇಕೆಂದು ತೀರ್ಪಿನಲ್ಲಿ ಹೇಳಿಲ್ಲ. ಗೆಲುವು ₹10,000 ದಾಟಿದರೆ ಅದರಲ್ಲಿ 30% ಟಿಡಿಎಸ್ ಹಿಡಿಯುತ್ತಾರೆ. ಸೋತದ್ದನ್ನು ಗೆದ್ದದ್ದರಲ್ಲಿ ಕಳೆಯುವಂತಿಲ್ಲ. ಕುದುರೆ ಸಾಕಿದ ಮಾಲೀಕ ಮಾತ್ರ ಅದರ ನಷ್ಟವನ್ನು ನಾಲ್ಕು ವರ್ಷ ಮುಂದಕ್ಕೆ ಒಯ್ಯಬಹುದು. "ಬಾಜಿ ಕಟ್ಟೋನು ನಷ್ಟಾನ ಮನೆಗೆ ಒಯ್ಯಬಹುದು, ಅಷ್ಟೇ," ಎಂದು ಪುಸ್ತಕ ತಿದ್ದಿತು.

ಟಿಪ್ಸ್ ಕೊಡುವವರ ಬಗ್ಗೆ ಹೆಚ್ಚು ಹೇಳಲು ಅದು ಒಪ್ಪಲಿಲ್ಲ. ಕುದುರೆ ಲಾಯದ ಒಳಗಿನ ಸುದ್ದಿ ಎಂದು ಪಿಸುಗುಟ್ಟುವವರು ಆ ಸುದ್ದಿಯನ್ನು ಮೆಜೆಸ್ಟಿಕ್ಕಿನ ಟೀ ಅಂಗಡಿಯಲ್ಲಿ ಪರಿಚಯವಿಲ್ಲದವರಿಗೂ ಹಂಚುತ್ತಾರೆ ಎಂದಷ್ಟೇ ಹೇಳಿ ಸುಮ್ಮನಾಯಿತು.

ಇಷ್ಟೆಲ್ಲ ತಿಳಿದವರು ಒಂದು ದಿನದ ಎಂಟು ಹತ್ತು ಓಟಗಳನ್ನು ಹೇಗೆ ಆಡಬೇಕು ಎಂಬುದು ಕೊನೆಯ ಪ್ರಶ್ನೆ. ಎಲ್ಲವನ್ನೂ ಆಡಬಾರದು ಎಂಬುದು ಉತ್ತರ. ಎಳೆ ಕುದುರೆಗಳ ಓಟ, ಹದಿನಾಲ್ಕು ಕುದುರೆಗಳ ಕೆಳ ತರಗತಿಯ ಓಟ, ಬಹಳ ದಿನ ಓಡದೆ ಬಂದವು ತುಂಬಿದ ಓಟ ಇವನ್ನು ಬಿಟ್ಟುಬಿಡಬೇಕು. ಉಳಿದವುಗಳಲ್ಲಿ ಪ್ರತಿ ಕುದುರೆಗೂ ಮನೆಯಲ್ಲೇ ತನ್ನದೊಂದು ಬೆಲೆ ಬರೆದುಕೊಂಡು ಹೋಗಿ, ಬೋರ್ಡಿನಲ್ಲಿ ಅದಕ್ಕಿಂತ ತೀರ ಹೆಚ್ಚು ಸಿಕ್ಕರೆ ಮಾತ್ರ ಕೈ ಹಾಕಬೇಕು. ತೆರಿಗೆ ಸೇರಿಸಿದ ಮೇಲೂ ಹೆಚ್ಚು ಎನ್ನಿಸಬೇಕು. ಅಂಥ ಓಟ ಎಷ್ಟೋ ದಿನ ಒಂದೂ ಇರುವುದಿಲ್ಲ. ಆ ದಿನಗಳಲ್ಲಿ ಏನು ಮಾಡಬೇಕೆಂದು ಕೇಳಿದಾಗ, "ಮಗ್ಗ ಓಡಿಸಬೇಕು," ಎಂದಿತು.

ಮೆಜೆಸ್ಟಿಕ್ಕಿನಲ್ಲಿ ಮಾಲೀಕರಿಗೆ ಎಚ್ಚರವಾಯಿತು. ಆನಂದರಾವ್ ವೃತ್ತ ದಾಟಿ, 2023ರಿಂದ ನಟ ಅಂಬರೀಶ್ ಅವರ ಹೆಸರು ಹೊತ್ತಿರುವ ರೇಸ್‌ಕೋರ್ಸ್ ರಸ್ತೆಗೆ ಬಂದು ಒಳಗೆ ಹೋದರು. ನಾಲ್ಕನೇ ಓಟಕ್ಕೆ ಸುತ್ತು ಹಾಕಿದ್ದ ಮೂರನೇ ನಂಬರಿಗೆ ಟಿಕೆಟ್ ತೆಗೆದುಕೊಂಡಾದ ಮೇಲೆ, ಆ ಕುದುರೆ ಕುಂಟುತ್ತಿರುವುದರಿಂದ ಅದನ್ನು ಹಿಂತೆಗೆಯಲಾಗಿದೆ ಎಂದು ಮೈಕಿನಲ್ಲಿ ಕೂಗಿದರು. ನಿಯಮದಂತೆ ಟಿಕೆಟ್ಟಿನ ಹಣ ವಾಪಸ್ ಬಂತು. ಮಾಲೀಕರು ಅದನ್ನು ಎಣಿಸಿಕೊಂಡು, ಬಸ್ ಟಿಕೆಟ್ಟಿನ ಕೊನೆಯ ಅಂಕಿ ನೋಡಿ, ಏಳನೇ ನಂಬರಿಗೆ ಹಾಕಿದರು. ಪುಸ್ತಕ ಹಿಂಜೇಬಿನಲ್ಲೇ ಇತ್ತು.